ಅಕ್ಕನ ಜಾಣೆ

ಆ ಅಂಗಡಿಗೆ ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ತಮ್ಮನನ್ನು. ನೋಡದೆ ಏನು ಮಾಡುತ್ತಾರೆ? ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೌಂಟರಿನ ಹಿಂದೆ ಕಾಲ ಮೇಲೆ ಕಾಲು ಹಾಕಿ, ಬಾಯ್ತುಂಬ ನಗುತ್ತ ಕೂತಿರುತ್ತಿದ್ದ. ಅಕ್ಕ ಒಳಕೋಣೆಯಲ್ಲಿ. ನಡುವೆ ಒಂದು ಪರದೆ. ಪರದೆಯ ಆಚೆಯಿಂದ ಬಂದ ಕಂಪ್ಯೂಟರು ಚೆನ್ನಾಗಿ ಓಡಿದರೆ ಗಿರಾಕಿಗಳು ತಮ್ಮನ ಬೆನ್ನು ತಟ್ಟುತ್ತಿದ್ದರು: "ಅಣ್ಣಾ, ಏನ್ ಕೈಗುಣ ನಿಮ್ದು!" ತಮ್ಮ ತಲೆ ಬಗ್ಗಿಸಿ "ಏನೋ, ನಿಮ್ಮಂಥೋರ ಪ್ರೀತಿ" ಎನ್ನುತ್ತಿದ್ದ. ಒಂದು ಸಲವಾದರೂ ಪರದೆಯ ಕಡೆ ಬೆರಳು ತೋರಿಸಿದ್ದುಂಟೇ? ಇಲ್ಲವೇ ಇಲ್ಲ. ಅಕ್ಕ ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರೂ ಬಾಯಿ ಬಿಟ್ಟು ಹೇಳಿದವಳಲ್ಲ.

ಅವರ ಕಸುಬು ಕೊಂಚ ವಿಚಿತ್ರದ್ದು. ದೊಡ್ಡ ದೊಡ್ಡ ಕಚೇರಿಗಳ ಸರ್ವರುಗಳು ಹಳೆಯದಾದಾಗ ಗುಜರಿಗೆ ಹೋಗುತ್ತವಲ್ಲ, ಅವುಗಳೊಳಗಿನ ಪ್ರೊಸೆಸರ್ ಚಿಪ್‌ಗಳನ್ನು ಇವರು ಟ್ರೇಗಟ್ಟಲೆ ತರುತ್ತಿದ್ದರು. ತಣ್ಣನೆಯ ಕೋಣೆಗಳಲ್ಲಿ ವರ್ಷಗಟ್ಟಲೆ ಹಗಲಿರುಳು ದುಡಿದರೂ ದಣಿಯದ ಗಟ್ಟಿ ಪಿಂಡಗಳು ಅವು. ಆದರೆ ಮನೆಯ ಕಂಪ್ಯೂಟರಿನ ಮದರ್‌ಬೋರ್ಡು ಅವನ್ನು ಹತ್ತಿರ ಸೇರಿಸುವುದಿಲ್ಲ. ಚಿಪ್ ಕೂರುವ ಸಾಕೆಟ್ಟಿನ ಎರಡು ಪುಟ್ಟ ಕಿವಿಗಳು ಅಡ್ಡ ಬರುತ್ತವೆ, ತಳದ ಎರಡು ಸಂಪರ್ಕಗಳು ಅದಲುಬದಲಾಗಿರುತ್ತವೆ. ಅಕ್ಕ ಆ ಕಿವಿಗಳನ್ನು ಬ್ಲೇಡಿನಿಂದ ಕೊಯ್ದು, ಚಿಪ್‌ನ ತಳಕ್ಕೆ ಉಗುರಿಗಿಂತ ಚಿಕ್ಕ ಸ್ಟಿಕ್ಕರ್ ಅಂಟಿಸಿ, ಇಬ್ಬರಿಗೂ ರಾಜಿ ಮಾಡಿಸುತ್ತಿದ್ದಳು.

ಆಮೇಲೆ ಓವರ್‌ಕ್ಲಾಕ್. ಅಂದರೆ, ಇಷ್ಟೇ ವೇಗ ನಿನಗೆ ಎಂದು ಕಂಪನಿಯವರು ಹಣೆಯ ಮೇಲೆ ಬರೆದು ಕಳಿಸಿದ ಚಿಪ್ ಅನ್ನು ಅದಕ್ಕಿಂತ ಹೆಚ್ಚು ಓಡಿಸುವುದು. ವೇಗವನ್ನು ಒಂದಿಷ್ಟು ಏರಿಸು, ತಡವರಿಸಿದರೆ ವೋಲ್ಟೇಜ್ ಚಿಟಿಕೆಯಷ್ಟು ಕೊಡು, ಬಿಸಿ ನೋಡು, ಮತ್ತೆ ಏರಿಸು. ಅತಿಯಾಸೆಗೆ ಬಿದ್ದು ವೋಲ್ಟೇಜ್ ಸುರಿದರೆ ಚಿಪ್ ಹಳಸುತ್ತದೆ. ನಿನ್ನೆ ನಗುನಗುತ್ತ ಓಡಿದ ವೇಗಕ್ಕೆ ಇವತ್ತು ಏದುಸಿರು ಬಿಡುತ್ತದೆ, ಮತ್ತೆಂದೂ ಮೊದಲಿನಂತಾಗುವುದಿಲ್ಲ. ಒಳ್ಳೆಯ ಚಿಪ್ ಕೆಡಿಸಿದವರು ಈ ಕಸುಬಿನಲ್ಲಿ ಮುಖ ಎತ್ತಿಕೊಂಡು ತಿರುಗುವುದು ಕಷ್ಟ.

ಅಕ್ಕನಿಗೂ ತಮ್ಮನಿಗೂ ದಿನಾ ಜಗಳವೆಂದರೆ ಪೇಸ್ಟಿನದು. ಚಿಪ್‌ನ ಬಿಸಿ ಮೇಲಿನ ಕೂಲರಿಗೆ ದಾಟಲು ನಡುವೆ ಬೂದು ಬಣ್ಣದ ಪೇಸ್ಟ್ ಹಚ್ಚಬೇಕು. ಅಕ್ಕ ಹಳೆಯ ಬಸ್ ಪಾಸಿನ ಅಂಚಿನಿಂದ ಮೂಲೆ ಮೂಲೆಗೂ ತೆಳ್ಳಗೆ ಸವರುತ್ತಿದ್ದಳು. ತಮ್ಮ ನಡುಮಧ್ಯಕ್ಕೆ ಬಟಾಣಿ ಕಾಳಿನಷ್ಟು ಇಟ್ಟು ಕೂಲರ್ ಒತ್ತಿಬಿಡುತ್ತಿದ್ದ.

"ಗೋಡೆಗೆ ಸುಣ್ಣ ಹೊಡೀತಿದ್ದೀಯೇನಕ್ಕ? ಒತ್ತಿದ್ರೆ ತಾನೇ ಹರಡುತ್ತೆ."

"ಹರಡುತ್ತೆ, ಮೂಲೆಗೆ ಹೋಗಲ್ಲ. ಸೋಮಾರಿ ಕೈ ನಿಂದು."

ಅಷ್ಟರಲ್ಲಿ ಅಂಗಡಿಯ ಫೋನು ಬಡಿದುಕೊಳ್ಳುತ್ತಿತ್ತು. ಅಮ್ಮ. "ಊಟಕ್ಕೆ ಇಬ್ರೂ ಬರ್ತೀರಾ?" ಮನೆ ಹಿಂದಿನ ಬೀದಿಯಲ್ಲೇ. ಬರದೆ ಇನ್ನೆಲ್ಲಿಗೆ ಹೋಗುತ್ತಾರೆ? ಆದರೂ ಮಧ್ಯಾಹ್ನ ಒಮ್ಮೆ ಕೇಳದಿದ್ದರೆ ಅಮ್ಮನಿಗೆ ಸಮಾಧಾನವಿಲ್ಲ.

ಟ್ರೇಯಲ್ಲಿ ಬಂದ ಚಿಪ್‌ಗಳಿಗೆಲ್ಲ ಅಕ್ಕ ಹೆಸರಿಡುತ್ತಿದ್ದಳು. ಒಂದೇ ಕಾರ್ಖಾನೆಯಲ್ಲಿ ಹುಟ್ಟಿ ಒಂದೇ ಹಣೆಬರಹ ಹೊತ್ತು ಬಂದರೂ ಒಂದರಂತೆ ಇನ್ನೊಂದಿರುವುದಿಲ್ಲ. ಒಂದು ಮೊಂಡ, ಒಂದು ಗೊಣಗ. ಅಂಚಿನ ಹಸಿರು ಚೂರು ಹಾರಿಹೋಗಿದ್ದ ಇನ್ನೊಂದು, ಸ್ವಲ್ಪ ಏರಿಸಿದರೂ ಕಂಪ್ಯೂಟರನ್ನೇ ನಿಲ್ಲಿಸಿಬಿಡುತ್ತಿತ್ತು. ಅದು ಅಳುಬುರುಕಿ. ಹಾಗೇ ಒಂದೊಂದಾಗಿ ನೋಡುತ್ತಿರುವಾಗ ಒಂದು ಚಿಪ್ ಏರಿತು, ಏರಿತು, ಏರುತ್ತಲೇ ಹೋಯಿತು. ಮೂರು ಚಿಲ್ಲರೆ ಗಿಗಾಹರ್ಟ್ಸ್ ಎಂದು ಬರೆಸಿಕೊಂಡು ಬಂದದ್ದು ನಾಲ್ಕೂವರೆಗೆ ನಿಂತು, ಇನ್ನೂ ಏನಾದರೂ ಇದೆಯೇ ಎಂದು ಕೇಳುವಂತೆ ತಣ್ಣಗಿತ್ತು. ಅಕ್ಕ ಸ್ಟೂಲಿನಿಂದ ಎದ್ದು ನಿಂತಳು. "ಅಯ್ಯೋ ನನ್ನ ಜಾಣೆ!" ಎಂದು ಒಬ್ಬಳೇ ಕೂಗಿಕೊಂಡಳು. ಹೆಸರು ಅದೇ ಉಳಿಯಿತು.

ಆ ಹೊತ್ತಿಗೆ ಸರಿಯಾಗಿ ಸ್ಪರ್ಧೆಯ ಸುದ್ದಿ ಬಂತು. ಸರ್ವರ್ ಚಿಪ್ ಅನ್ನು ಮನೆಯ ಬೋರ್ಡಿನ ಮೇಲೆ ಯಾರು ಹೆಚ್ಚು ವೇಗದಲ್ಲಿ, ಕುಸಿಯದಂತೆ ಓಡಿಸುತ್ತಾರೋ ಅವರಿಗೆ ಒಂದು ಮದರ್‌ಬೋರ್ಡ್ ಕಾರ್ಖಾನೆ ತನ್ನ ಪರೀಕ್ಷಾ ಕೋಣೆಯಲ್ಲಿ ಕೆಲಸ ಕೊಡುತ್ತದಂತೆ. ಕಾರ್ಖಾನೆ ದೂರದ ಊರಿನದು. ಅಕ್ಕನಿಗೆ ನಲವತ್ತು ದಾಟಿತ್ತು. ಜೀವಮಾನದಲ್ಲಿ ಒಮ್ಮೆ, ಪರದೆಯಿಲ್ಲದ ಕೋಣೆಯಲ್ಲಿ, ಇದು ಇವಳ ಕೈಕೆಲಸ ಎಂದು ನಾಲ್ಕು ಜನ ಹೇಳುವುದನ್ನು ಕಿವಿಯಾರೆ ಕೇಳಬೇಕು. ಅಷ್ಟೇ ಅವಳ ಆಸೆ. ಅದನ್ನು ಮನೆಯಲ್ಲಿ ಹೇಳಿಯೂ ಹೇಳಿದಳು.

ಅಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, "ಗೆದ್ದು ಬಾ ಮಗಳೇ" ಎಂದಳು. ತಮ್ಮನಂತೂ ಕುಣಿದಾಡಿಬಿಟ್ಟ. "ನೀನು ಗೆಲ್ಲದೆ ಇನ್ಯಾರಕ್ಕ ಗೆಲ್ತಾರೆ? ಪೆಟ್ಟಿಗೆ ಹೊರೋದು ನನ್ನ ಕೆಲಸ, ನೀನು ಆರಾಮಾಗಿರು." ಹಿಂದಿನ ದಿನವೇ ಯಂತ್ರವನ್ನು ಸಭಾಂಗಣಕ್ಕೆ ಒಪ್ಪಿಸಬೇಕು, ಅವರು ಅದಕ್ಕೆ ಸೀಲ್ ಹಾಕುತ್ತಾರೆ, ಆಮೇಲೆ ಯಾರೂ ಬಿಚ್ಚುವಂತಿಲ್ಲ. ಅಕ್ಕ ಜಾಣೆಯನ್ನು ಕೂರಿಸಿ, ಬಸ್ ಪಾಸಿನಿಂದ ಪೇಸ್ಟ್ ಸವರಿ, ಕೂಲರ್ ಬಿಗಿದು ಕೊಟ್ಟಳು. ತಮ್ಮ ಅದನ್ನು ಮಗುವಿನಂತೆ ಎದೆಗವಚಿಕೊಂಡು ಆಟೋ ಹತ್ತಿದ.

ಸ್ಪರ್ಧೆಯ ದಿನ ಯಂತ್ರ ಶುರುವಾದಾಗಲೇ ಮನೆಯಲ್ಲಿದ್ದುದಕ್ಕಿಂತ ಬಿಸಿ ಇತ್ತು. ಜನ ಕಿಕ್ಕಿರಿದಿದ್ದಾರೆ, ಸೆಕೆ ಇರಬೇಕು ಎಂದುಕೊಂಡಳು. ನಾಲ್ಕೂವರೆಗೆ ಏರಿಸಿದಳು. ಮಾನಿಟರು ಕಪ್ಪಾಯಿತು. ಇಳಿಸಿದಳು. ಮತ್ತೆ ಕಪ್ಪು. ಚಿಟಿಕೆ ವೋಲ್ಟೇಜ್ ಕೊಟ್ಟಳು, ಇನ್ನೊಂದು ಚಿಟಿಕೆ ಕೊಟ್ಟಳು, ಕೊನೆಗೆ ಒಂದು ಹಿಡಿಯೇ ಕೊಟ್ಟಳು. ಪಕ್ಕದ ಮೇಜಿನವನು ಅಯ್ಯೋ ಪಾಪ ಎಂಬಂತೆ ನೋಡಿದ. ಜಾಣೆ ತನಗೆ ಬರೆದ ವೇಗದ ಆಚೆ ನಾಲ್ಕು ಹೆಜ್ಜೆ ಇಡಲಾರದೆ ನೆಲಕಚ್ಚಿತು. ಗೆದ್ದವನ ವೇಗ ನಾಲ್ಕೂಕಾಲು. ಅಕ್ಕ ಮನೆಯಲ್ಲಿ ಬಟ್ಟೆ ಮಡಚುತ್ತ ಓಡಿಸಿದ್ದ ವೇಗ ಅದು.

ಹೊರಗೆ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ನಾನೇ ಅದನ್ನ ಕೆಡಿಸಿಬಿಟ್ಟೆ ಕಣೋ. ಮನೇಲಿ ಆಸೆಗೆ ಬಿದ್ದು ಎಷ್ಟು ಸಲ ಓಡಿಸಿದ್ನೋ. ನನ್ನ ಕೈಯಾರೆ ಕೊಂದೆ."

ತಮ್ಮ ತನ್ನ ಕರವಸ್ತ್ರದಿಂದ ಅವಳ ಕಣ್ಣೊರೆಸಿದ. "ಹೋಗ್ಲಿ ಬಿಡಕ್ಕ. ಯಾರಿಗಾದ್ರೂ ಆಗುತ್ತೆ. ನಮ್ಮ ಅಂಗಡಿ ಇದೆಯಲ್ಲ." ಯಂತ್ರವನ್ನು ತಂದು, ಕಣ್ಣಿಗೆ ಬೀಳದಿರಲಿ ಎಂದು ಅಂಗಡಿಯ ಅಟ್ಟಕ್ಕೆ ಹಾಕಿದ. ಅಮ್ಮ ಅವತ್ತು ತಲೆ ನೇವರಿಸಿ ಕೈತುತ್ತು ತಿನ್ನಿಸಿದಳು. ಇಂಥ ಮನೆಯವರನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದುಕೊಂಡಳು ಅಕ್ಕ. ನೋಡಿ, ಎಂಥಾ ಪೆದ್ದಿ!

ಅಂದಿನಿಂದ ಅವಳ ಕೈ ಹಿಂದಿನ ಕೈಯಾಗಿ ಉಳಿಯಲಿಲ್ಲ. ವೇಗ ಏರಿಸುವ ಮುಂಚೆ ಹತ್ತು ಸಲ ಅನುಮಾನ. ನಾಲ್ಕಕ್ಕೆ ಓಡುವ ಚಿಪ್ ಅನ್ನು ಮೂರೂವರೆಗೇ ಬಿಟ್ಟು ಪರದೆಯಾಚೆ ಕಳಿಸುತ್ತಿದ್ದಳು. "ಅಷ್ಟೇ ಸಾಕು ಬಿಡಕ್ಕ, ಬದುಕಿರಲಿ" ಎನ್ನುತ್ತಿದ್ದ ತಮ್ಮ.

ಹೀಗೆ ಕೆಲವು ತಿಂಗಳು ಕಳೆದ ಮೇಲೆ, ವಿಡಿಯೋ ಎಡಿಟಿಂಗ್ ಮಾಡುವ ಹುಡುಗಿಯೊಬ್ಬಳು ತನ್ನ ಕಂಪ್ಯೂಟರಿಗೆ ದೊಡ್ಡ ಕೂಲರ್ ಬೇಕೆಂದು ಬಂದಳು. ತಮ್ಮ ಯಾರಿಗೋ ಪೆಟ್ಟಿಗೆ ತಲುಪಿಸಲು ಹೋಗಿದ್ದ. ಅಟ್ಟದ ಮೇಲಿರುವುದು ಸುಮ್ಮನೆ ಧೂಳು ತಿನ್ನುತ್ತಿದೆ, ಅದನ್ನೇ ಕೊಟ್ಟರಾಯಿತು ಎಂದು ಅಕ್ಕ ಸ್ಟೂಲು ಹತ್ತಿ ತನ್ನ ಯಂತ್ರವನ್ನು ಇಳಿಸಿ, ಒಳಗೆ ಮೇಜಿನ ಮೇಲಿಟ್ಟು ಕೂಲರಿನ ತಿರುಪು ಬಿಚ್ಚಿ ಎತ್ತಿದಳು.

ಪೇಸ್ಟ್ ನಡುಮಧ್ಯದಲ್ಲಿ ಗುಂಡಗೆ ಅಪ್ಪಚ್ಚಿಯಾಗಿ ಒಣಗಿತ್ತು. ನಾಲ್ಕು ಮೂಲೆಗಳು ಬೋಳು.

ಮೊದಲು ಅವಳಿಗೆ ಏನೂ ಹೊಳೆಯಲಿಲ್ಲ. ತಾನೇ ಅವಸರದಲ್ಲಿ ಹೀಗೆ ಹಚ್ಚಿದೆನೇ ಎಂದು ಯೋಚಿಸಿದಳು. ಆಮೇಲೆ ಬಗ್ಗಿ ಮತ್ತೆ ನೋಡಿದಳು. ಈ ಕೈ ಯಾರದೆಂದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಚಿಪ್ ಅನ್ನು ಎತ್ತಿ ತಿರುಗಿಸಿದಳು. ಅಂಚಿನಲ್ಲಿ ಹಸಿರು ಚೂರು ಹಾರಿಹೋಗಿತ್ತು. ಅಳುಬುರುಕಿ.

ತಮ್ಮ ಬಂದ. ಪರದೆ ಸರಿಸಿ ಮೇಜು ನೋಡಿದವನೇ ಅಲ್ಲೇ ನಿಂತ.

"ಜಾಣೆ ಎಲ್ಲೋ?" ಎಂದಳು ಅಕ್ಕ. "ಮಾರಿದ್ಯಾ?" ಮಾರಿದೆ ಎಂದಿದ್ದರೆ ಹಾಳಾಗಿಹೋಗಲಿ ಎಂದು ಬಿಡುತ್ತಿದ್ದಳೇನೋ.

"ಛೆ! ನಿನ್ನ ಜಾಣೇನ ನಾನು ಮಾರ್ತೀನಾ? ಇಲ್ಲೇ ಇದೆ ಅಕ್ಕ." ಅವನ ಕೈ ಪರದೆಯಾಚೆ ಕೌಂಟರಿನ ಕಡೆ ಹೋಯಿತು. ಬಿಲ್ ಹಾಕುವ ಕಂಪ್ಯೂಟರು. "ಸೀಲ್ ಹಾಕಿಸೋ ಮುಂಚೆ ತೆಗೆದು ಅದರೊಳಗೆ ಹಾಕಿದ್ದೀನಿ. ದಿನಾ ಕಣ್ಣೆದುರೇ ಇಟ್ಕೊಂಡು ಕಾಯ್ತಿದ್ದೀನಿ. ಒಂದಿನ ಬಿಸಿ ಆಗೋಕೆ ಬಿಟ್ಟಿಲ್ಲ." ಹೇಳುವಾಗ ದನಿಯಲ್ಲಿ ಒಂಥರಾ ಹೆಮ್ಮೆ ಬೇರೆ!

"ಯಾಕೋ ಹೀಗ್ ಮಾಡ್ದೆ?"

"ಗೆದ್ರೆ ನೀನು ಹೋಗ್ಬಿಡ್ತಿದ್ದೆ. ಆಮೇಲೆ ಅಂಗಡಿ ಏನಾಗ್ಬೇಕು? ಮಾತಾಡೋದು ಬಿಟ್ರೆ ನನಗೆ ಇನ್ನೇನು ಬರುತ್ತೆ, ನೀನೇ ಹೇಳು."

"ಹೋಗ್ಬೇಡ ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿಲ್ತಿದ್ಯಾ?"

ನಿಲ್ಲುತ್ತಿದ್ದಳೋ ಇಲ್ಲವೋ, ಅಕ್ಕನಿಗೇ ಗೊತ್ತಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಅಳುಬುರುಕಿಯನ್ನು ಮೇಜಿನ ಮೇಲೆ ಕುಕ್ಕಿದಳು. "ನಾನೇ ಕೆಡಿಸಿದೆ ಅಂತ ನಿನ್ನ ಮುಂದೆ ಅತ್ತೆನಲ್ಲೋ. ನೀನು ಕಣ್ಣೊರೆಸಿದೆ. ಅವತ್ತಿಂದ ನನ್ನ ಕೈನ ನಾನೇ ನಂಬ್ತಿಲ್ಲ. ನೀನು ಪಕ್ಕದಲ್ಲಿ ನಿಂತು ನೋಡ್ತಿದ್ದೆ, ಅಲ್ವಾ?"

"ನಾನೊಬ್ಬನೇ ಅಲ್ಲ. ಅಮ್ಮನಿಗೂ ಗೊತ್ತು. ಅವಳೂ ಹೂಂ ಅಂದ್ಲು."

ಅಕ್ಕನಿಗೆ ಅಮ್ಮನ ಅವತ್ತಿನ ಕೈತುತ್ತು ನೆನಪಾಯಿತು. ಪರದೆಯಾಚೆ ವಿಡಿಯೋ ಹುಡುಗಿ ಏನೂ ಕೇಳಿಸದವಳಂತೆ ಮೊಬೈಲನ್ನು ದಿಟ್ಟಿಸುತ್ತಿದ್ದಳು.

ಅಕ್ಕ ಪರದೆಯನ್ನು ಪೂರ್ತಿ ಸರಿಸಿ, ತನ್ನ ಯಂತ್ರವನ್ನು ಎತ್ತಿ ತಂದು ಕೌಂಟರಿನ ಮೇಲೆ ಇಟ್ಟಳು. ಬಿಲ್ಲಿನ ಕಂಪ್ಯೂಟರನ್ನು ಆರಿಸಿ ಬಿಚ್ಚಿದಳು. ಅಲ್ಲೂ ಅದೇ ಗುಂಡನೆಯ ಪೇಸ್ಟು. ಒರೆಸಿದಾಗ ಜಾಣೆ ಮಿರಮಿರ ಮಿಂಚಿತು. ಅದನ್ನು ತನ್ನ ಬೋರ್ಡಿನಲ್ಲಿ ಕೂರಿಸಿ, ಜೇಬಿನಿಂದ ಬಸ್ ಪಾಸ್ ತೆಗೆದು, ಮೂಲೆ ಮೂಲೆಗೂ ಸವರಿ ಕೂಲರ್ ಬಿಗಿದಳು. ಅಷ್ಟರಲ್ಲಿ ಇನ್ನಿಬ್ಬರು ಗಿರಾಕಿಗಳು ಬಂದು ಬಾಗಿಲಲ್ಲೇ ನಿಂತಿದ್ದರು. ಅಕ್ಕ ಕೆಲಸ ಮಾಡುವುದನ್ನು ಅವರು ನೋಡಿದ್ದು ಅದೇ ಮೊದಲು.

ನಾಲ್ಕು. ನಾಲ್ಕೂಕಾಲು. ಬೆರಳು ಒಂದು ಕ್ಷಣ ತಡೆಯಿತು. ಹಳಸಿದ್ದರೆ? ಇನ್ನೂ ಆ ಸುಳ್ಳು ಬೆರಳಿನಲ್ಲೇ ಕೂತಿತ್ತು. ಹಲ್ಲು ಕಚ್ಚಿ ನಾಲ್ಕೂವರೆಗೆ ಒತ್ತಿದಳು. ಮಾನಿಟರು ಬೆಳಗಿತು. ಪರೀಕ್ಷೆ ಓಡತೊಡಗಿತು. ಯಾರೂ ಹೊರಡಲಿಲ್ಲ. ಫ್ಯಾನು ಹದವಾಗಿ ತಿರುಗುತ್ತಲೇ ಇತ್ತು, ಅಂಕಿಗಳು ಒಂದೂ ತಪ್ಪದೆ ಸಾಗುತ್ತಲೇ ಇದ್ದವು. ಅಕ್ಕನ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ತಮ್ಮನ ಕೈ ಜೇಬಿನ ಕರವಸ್ತ್ರದವರೆಗೆ ಹೋಗಿ ಅಲ್ಲೇ ನಿಂತಿತು.

"ಇದನ್ನಾ ಅಣ್ಣ ನೀವು ಬಿಲ್ ಹಾಕೋಕೆ ಇಟ್ಕೊಂಡಿದ್ದು?" ಎಂದಳು ವಿಡಿಯೋ ಹುಡುಗಿ, ನಿಜಕ್ಕೂ ಅರ್ಥವಾಗದೆ.

ತಮ್ಮ ಬಿಲ್ಲಿನ ಕಂಪ್ಯೂಟರಿನಿಂದ ಬಿಚ್ಚಿದ್ದ ತಿರುಪುಗಳನ್ನು ಹೆಕ್ಕತೊಡಗಿದ.

ಅಕ್ಕ ಯಂತ್ರ ಆರಿಸಿದಳು. ಜಾಣೆಯನ್ನು ತೆಗೆದು ಒರೆಸಿ, ಬಸ್ ಪಾಸಿನ ಜೊತೆ ಡಬ್ಬಿಯಲ್ಲಿಟ್ಟು ಚೀಲಕ್ಕೆ ಹಾಕಿಕೊಂಡಳು. ದೊಡ್ಡ ಕೂಲರನ್ನು ಹುಡುಗಿಯ ಕೈಗೆ ಕೊಟ್ಟಳು. ಅಳುಬುರುಕಿಯನ್ನು ತಂದು ತಮ್ಮನ ಮುಂದಿಟ್ಟಳು.

"ಬಿಲ್ ಹಾಕೋಕೆ ಇದು ಸಾಕು. ಮಧ್ಯಕ್ಕೆ ಬಟಾಣಿಯಷ್ಟು ಇಟ್ಟು ಒತ್ತು. ತಾನೇ ಹರಡುತ್ತೆ."

"ಅಕ್ಕ, ಎಲ್ಲಿಗೆ ಹೋಗ್ತೀಯಾ? ಆ ಕೆಲಸ ಇನ್ಯಾರಿಗೋ ಹೋಯ್ತಲ್ಲ..."

ಫೋನು ಬಡಿದುಕೊಂಡಿತು. ತಮ್ಮ ಅಲುಗಲಿಲ್ಲ. ಅಕ್ಕನೇ ಎತ್ತಿದಳು.

"ಊಟಕ್ಕೆ ಇಬ್ರೂ ಬರ್ತೀರಾ?" ಎಂದಳು ಅಮ್ಮ.

"ಅವನು ಬರ್ತಾನೆ," ಎಂದಳು ಅಕ್ಕ.

ಆ ಕಡೆಯಿಂದ ಅಮ್ಮ ಇನ್ನೂ ಏನೋ ಕೇಳುತ್ತಿದ್ದಳು. ಅಕ್ಕ ರಿಸೀವರನ್ನು ತಮ್ಮನ ಕೈಗಿಟ್ಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡಳು.