ಶಲವಡಿಯ ಮಣ್ಣಿಗೆ ವಾಸನೆಯಿಲ್ಲ

ಮೊದಲ ಸುತ್ತಿನಲ್ಲಿ ಶಲವಡಿಯ ನಲವತ್ತು ಮಂದಿಯೂ ಒಂದೇ ಉತ್ತರ ಕೊಟ್ಟರು. ಮಣ್ಣಿಗೆ ವಾಸನೆಯಿಲ್ಲ. ಗಂಡಸರು, ಹೆಂಗಸರು, ಬಾಯಲ್ಲಿ ತಂಬಾಕು ಇದ್ದವರು, ಇಲ್ಲದವರು, ಎಲ್ಲರೂ ಸೀಸೆಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡು, ಮುಖ ಅರಳಿಸಿ "ಇಲ್ಲರಿ" ಎಂದರು. ಆ ಅರಳಿದ ಮುಖ ನೋಡಿಯಾದರೂ ನನಗೆ ತಿಳಿಯಬೇಕಿತ್ತು. ನಾನು ತಲೆ ತಗ್ಗಿಸಿ ಫಾರ್ಮು ತುಂಬುತ್ತಿದ್ದೆ. ನಾಲ್ಕು ವರ್ಷದ ಕೆಲಸ ಅಕ್ಷರಶಃ ಮಣ್ಣುಪಾಲಾಯಿತು.

ನಾನು ಓದಿದ್ದು ರಸಾಯನಶಾಸ್ತ್ರ. ಧಾರವಾಡದಲ್ಲಿ ನಾವು ಕೆಲವರು ಸೇರಿ ಮಾಡುತ್ತಿರುವ ಸಂಶೋಧನೆಯ ವಿಷಯ, ಒಣಗಿದ ಎರೆ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಪರಿಮಳ. ಭೂವಿಜ್ಞಾನದವರು ಮಣ್ಣು ಅಗೆದು ತರುತ್ತಾರೆ. ವಸ್ತುವಿಜ್ಞಾನದವರು ಆ ಜೇಡಿಯ ಪದರುಗಳಲ್ಲಿ ಪರಿಮಳ ಎಲ್ಲಿ ಅಡಗಿ ಕೂತಿದೆ ಎಂದು ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತಾರೆ. ನಾನು ಅದನ್ನು ಮಣ್ಣಿನಿಂದ ಬೇರ್ಪಡಿಸಿ ಅಳೆಯುತ್ತೇನೆ. ಹುಬ್ಬಳ್ಳಿಯ ಮಿದುಳಿನ ಡಾಕ್ಟರು ಮೃಣಾಲಿನಿ ಮೇಡಂ, ಅದು ಮೂಗಿನಿಂದ ತಲೆಯೊಳಗೆ ಹೋಗಿ ಏನು ಮಾಡುತ್ತದೆ ಎಂದು ನೋಡುತ್ತಾರೆ. ಇಷ್ಟೂ ಶಾಸ್ತ್ರದವರು ಒಂದೇ ಟೇಬಲ್ಲಿಗೆ ಕೂತರೆ ಬೇಗ ಮುಗಿಯುವುದು ಚಹಾ ಒಂದೇ. ಆದರೂ ಮೇಡಂ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದಿತ್ತು. ವಯಸ್ಸಾದವರಿಗೆ ಪರಿಮಳ ತಿಳಿಯದೆ ಹೋಗುವುದು ಕೆಲವು ಸಲ ಮಿದುಳಿನ ಕಾಯಿಲೆಯ ಮೊದಲ ಸುಳಿವು. ಕೈ ನಡುಗುವುದಕ್ಕೆ, ಹೆಸರು ಮರೆಯುವುದಕ್ಕೆ ಎಷ್ಟೋ ವರ್ಷ ಮೊದಲೇ ಮೂಗು ಹೋಗಿರುತ್ತದೆ.

ಶಲವಡಿಯನ್ನು ಆರಿಸಿದ್ದು ನಾನೇ. ಅಲ್ಲಿ ನನ್ನ ಮೌಶಿ ಇದ್ದಾಳೆ, ತಾಯಿಯ ಅಕ್ಕ, ಸರಸ್ವತೀಬಾಯಿ. ಅವಳ ಗಂಡ ಪಾಂಡುರಂಗ ಕಾಕಾ ಹಿಟ್ಟಿನ ಗಿರಣಿಯಲ್ಲಿರುತ್ತಾರೆ, ಹೊಲ ನೋಡುವವಳು ಮೌಶಿ. ಊರಿಗೆಲ್ಲ ಅವಳು ಬಾಯಾರು, ಅವಳ ಮೂಗಿಗೆ ದೊಡ್ಡ ಹೆಸರು. ಮುಂಗಾರು ಬಿದ್ದ ಮೇಲೆ ಹಿಡಿ ಮಣ್ಣು ಎತ್ತಿ ಮೂಸಿ ಅವಳು "ಹದ ಬಂದದ" ಎಂದರೆ ಮಾತ್ರ ಸುತ್ತಲಿನ ಹೊಲಗಳಲ್ಲಿ ಕೂರಿಗೆ ಹೂಡಿ ಹೆಸರುಕಾಳು ಬಿತ್ತುತ್ತಿದ್ದರು. ಅವಳು "ತಡೀರಿ" ಎಂದರೆ ಬೀಜದ ಚೀಲ ಕಟ್ಟೆಯ ಮೇಲೆ ಹಾಗೇ ಕೂತಿರುತ್ತಿತ್ತು. ನಮ್ಮ ಸೀಸೆಗಳಲ್ಲಿದ್ದದ್ದೂ ಅವಳ ಹೊಲದ ಮಣ್ಣೇ, ಅದು ಊರಿಗೆಲ್ಲ ಗೊತ್ತಿತ್ತು. ಮೂರು ಸೀಸೆಯಲ್ಲಿ ಮಣ್ಣಿನ ಪರಿಮಳ, ಉಳಿದ ಒಂದರಲ್ಲಿ ಬರೀ ನೀರು, ಸಾಲು ಪ್ರತಿ ಸಲ ಬೇರೆ. ಸುಳ್ಳು ಹೇಳುವವರನ್ನು ಹಿಡಿಯಲಿಕ್ಕೆ ಆ ನೀರಿನ ಸೀಸೆ.

ಗುಟ್ಟು ಒಡೆದವಳು ಹೊಲಿಗೆಯ ಶರೀಫಾಬಿ. ಎರಡನೇ ವಾರ ನಾನು ಅವಳ ಮನೆಯ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದೆ. ಅವಳು ಮಷೀನು ನಿಲ್ಲಿಸದೆ ಕೇಳಿದಳು.

"ಏನಾತಬೇ ಗೌತಮಿ, ಮುಖ ಯಾಕ ಹಂಗ ಮಾಡೀದಿ?"

"ನಿಮ್ಮೂರಾಗ ಒಬ್ಬರಿಗೂ ಮಣ್ಣಿನ ವಾಸನಿ ಗೊತ್ತಾಗವಲ್ದು, ಚಾಚಿ."

"ಯಾಕ ಗೊತ್ತಾಗೂದಿಲ್ಲ? ಘಮ್ ಅಂತೈತಿ. ಸೀಸೆ ತೆರದ ಕೂಡ್ಲೆ ನನಗ ಮದಿವಿ ಆದ ವರ್ಷದ ಮಳಿ ನೆನಪಾತು."

"ಮತ್ತ ಇಲ್ಲ ಅಂದ್ರಿ?"

"ನೀ ವಾಸನಿ ಬರತೈತೇನು ಅಂತ ಕೇಳಿದಿ. ಹಳಸಿದ ಸಾರಿಗೆ ವಾಸನಿ ಬರತೈತಿ, ಸತ್ತ ಹೆಗ್ಗಣಕ್ಕ ಬರತೈತಿ. ಬಾಯಾರ ಹೊಲದ ಮಣ್ಣಿಗೆ ವಾಸನಿ ಬರತೈತಂತ ನಾಲಿಗಿ ಮ್ಯಾಲೆ ಹೆಂಗ ತರೂದು?"

ನಾನು ಹಣೆ ಬಡಿದುಕೊಂಡೆ. ಹುಬ್ಬಳ್ಳಿಯಲ್ಲಿ ಹುಟ್ಟಿ, ಇದೇ ಮಾತನ್ನು ದಿನಾ ಆಡುವ ನಾನು, ಫಾರ್ಮು ಬರೆಯಲು ಕೂತಾಗ ಪುಸ್ತಕದ ಕನ್ನಡ ಬರೆದಿದ್ದೆ. ಇಡೀ ಊರು ಮೌಶಿಯ ಮಣ್ಣಿನ ಮಾನ ಕಾಯ್ದಿತ್ತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಶರೀಫಾಬಿ ನಕ್ಕಳೆಂದು ನಾನೂ ನಕ್ಕೆ.

ಪ್ರಶ್ನೆಯನ್ನು "ಕಮ್ಮಗದ ಏನ್ರಿ?" ಎಂದು ತಿದ್ದಿ ಮತ್ತೆ ಮನೆಮನೆಗೆ ಹೋದೆ. ಆ ಮೂರು ದಿನ ಶಲವಡಿಯಲ್ಲಿ ನಾನು ಎಚ್ಚರವಾಗಿದ್ದೆನೋ ಇಲ್ಲವೋ ಹೇಳಲಾರೆ. ಮೋಡದ ನೆರಳು ನವಲಗುಂದದ ಕಡೆಯಿಂದ ಕರಿ ನೆಲದ ಮೇಲೆ ನಿಧಾನ ಸರಿದು ಬರುತ್ತಿತ್ತು, ಮನೆಗಳ ಮೇಲೆ ಹಾದು ಹೋಗುತ್ತಿತ್ತು, ಅದು ಬಂದಾಗ ಎಲ್ಲರೂ ಸ್ವಲ್ಪ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಸೀಸೆ ಮೂಸಿದವರು ಉತ್ತರ ಹೇಳುವುದನ್ನು ಮರೆತು ಬೇರೆಲ್ಲೋ ಹೋಗಿಬಿಡುತ್ತಿದ್ದರು. ಒಬ್ಬಳು ತನ್ನ ತಮ್ಮ ಬಾಲ್ಯದಲ್ಲಿ ಮಣ್ಣು ತಿನ್ನುತ್ತಿದ್ದುದನ್ನು ಹೇಳಿದಳು. ಬಸವಣ್ಣೆಪ್ಪ ಎಂಬ ಮುದುಕ ಸೀಸೆಯನ್ನು ಎದೆಗೆ ಹಿಡಿದು ಕೂತ. ನಾನು ಕಾದೆ. ಅವನ ಹೆಂಡತಿ ಒಳಗಿನಿಂದ ಎರಡು ಸಲ ಕರೆದಳು, ಅವನು ಬೇರೆ ಯಾವುದೋ ಕಾಲದ ಯಾವುದೋ ಹೊಲದಲ್ಲಿದ್ದ. ಮೂವತ್ತೊಂಬತ್ತು ಮಂದಿ ಮಣ್ಣನ್ನೂ ನೀರನ್ನೂ ಸರಿಯಾಗಿ ಗುರುತಿಸಿದರು.

ಉಳಿದವಳು ಮೌಶಿ. ಮನೆಯವಳೇ ಎಂದು ಕೊನೆಗೆ ಇಟ್ಟುಕೊಂಡಿದ್ದೆ. ರಾತ್ರಿ ಚಲೋ ಮಳೆಯಾಗಿತ್ತು. ಬೆಳಿಗ್ಗೆ ಪಡಸಾಲೆಯಲ್ಲಿ ಅವಳ ಮುಂದೆ ನಾಲ್ಕೂ ಸೀಸೆ ಇಟ್ಟೆ.

"ಕಮ್ಮಗದ" ಎಂದಳು ಮೊದಲನೆಯದಕ್ಕೆ. ಎರಡನೆಯದಕ್ಕೂ ಕಮ್ಮಗದ. ಮೂರನೆಯದಕ್ಕೆ "ಇದಂತೂ ಅಗದಿ ಕಮ್ಮಗದ ನೋಡು, ನಮ್ಮ ಕೆರಿ ಬಾಜುದ ಹೊಲದ್ದು ಇರಬೇಕು" ಎಂದಳು. ಅದು ನೀರು.

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡೆ. ಸೀಸೆಗಳ ಸಾಲು ಬದಲಿಸಿದೆ. ಈ ಸಲ ಅವಳು ಸೀಸೆಯನ್ನು ನೋಡಲೇ ಇಲ್ಲ, ನನ್ನ ಮುಖ ನೋಡುತ್ತ ಮೂಸಿದಳು. ನೀರು ಬಂದಾಗ ಮತ್ತೆ ಕಮ್ಮಗದ ಎಂದಳು. ನನ್ನ ಪೆನ್ನು ನಿಂತಿತು.

"ತಪ್ಪಾತಲ್ಲ" ಎಂದಳು ಮೌಶಿ.

ಆಗ ನನಗೆ ಮೊದಲ ಸುತ್ತಿನ ಫಾರ್ಮು ನೆನಪಾಯಿತು. ಊರವರು ಮರ್ಯಾದೆಗೆ ಹೇಳಿದ ಮೂವತ್ತೊಂಬತ್ತು "ಇಲ್ಲ"ಗಳ ನಡುವೆ ಒಂದು ಖರೆ "ಇಲ್ಲ" ಬೆಚ್ಚಗೆ ಕೂತಿತ್ತು. ನಾನು ಒಂದು ಶಬ್ದ ತಿದ್ದಿ, ಎಲ್ಲರನ್ನೂ ಅವಳಿಂದ ಆಚೆ ಕರೆದೊಯ್ದು, ಅವಳೊಬ್ಬಳನ್ನೇ ಬಿಸಿಲಿನಲ್ಲಿ ನಿಲ್ಲಿಸಿದ್ದೆ.

"ಯಾವಾಗಿಂದ, ಮೌಶಿ?"

"ಮೂರು ವರ್ಷ. ಮೊದಲ ಒಗ್ಗರಣಿದು ಹೋತು. ಆಮ್ಯಾಲೆ ಕರ್ಪೂರದ್ದು. ಮಣ್ಣಿಂದು ಕಡೀಕ ಹೋತು. ಅದು ಹೋಗೂದಿಲ್ಲ ಅಂತ ನಂಬಿದ್ದೆ." ಅವಳು ಸೀಸೆಗೆ ಮುಚ್ಚಳ ಹಾಕಿದಳು. "ಕನಸಿನಾಗ ಬರ್ತದ. ಹೊಲ ತುಂಬ ನೀರು ನಿಂತಿರ್ತದ, ನಾ ಅದರ ಮ್ಯಾಲೆ ನಡದು ಹೋಗ್ತಿರ್ತೀನಿ, ಕಾಲ ಹಸಿ ಆಗೂದಿಲ್ಲ. ಘಮ ಅಂದ್ರ ಏನು ಘಮ. ಎದ್ದ ಮ್ಯಾಲೂ ಒಂದು ಗಳಿಗಿ ಹಾಸಿಗ್ಯಾಗ ಇರ್ತದ. ಅಲ್ಲಾಡಿದ್ರ ಹೋಗ್ತದಂತ ಹಂಗ ಮಲಗಿರ್ತೀನಿ."

"ಮತ್ತ ಹದ ಹೆಂಗ ಹೇಳ್ತಿದ್ದಿ?"

"ಮುಷ್ಟಿ ಹಿಡದು. ಹಿಡದ್ರ ಉಂಡಿ ಆಗಬೇಕು, ಒಗದ್ರ ಒಡೀಬೇಕು. ಮೂಸೂದು ಬರೇ ಮಂದೀಗೆ." ಸೀಸೆಗಳನ್ನು ನನ್ನ ಕಡೆ ಸರಿಸಿ ಅಂದಳು, "ಬರೀಬ್ಯಾಡ, ಗೌತಮಿ. ನನ್ನ ಕೇಳೂದು ಬಿಟ್ಟಬಿಡ್ತಾರ."

ನನಗೆ ಸಿಟ್ಟು ಬಂತು. ಮೂರು ವರ್ಷ ಯಾರಿಗೂ ಹೇಳದೆ ಮುಚ್ಚಿಟ್ಟದ್ದಕ್ಕೆ ಅವಳ ಮೇಲೆ, ಪಕ್ಕದಲ್ಲೇ ಉಂಡು ಮಲಗಿಯೂ ತಿಳಿಯದ ಕಾಕಾನ ಮೇಲೆ, ಸೀಸೆ ತಂದ ನನ್ನ ಮೇಲೆ. ಮೃಣಾಲಿನಿ ಮೇಡಂ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಸುಳಿವು ಇರಬಹುದು, ಇಲ್ಲದೆಯೂ ಇರಬಹುದು, ಬೇಗ ತೋರಿಸಿದರೆ ಒಳ್ಳೆಯದು ಎಂದೆ. "ಹೌದು" ಎಂದು ಬರೆದರೆ ಅವಳನ್ನು ಯಾರೂ ಪರೀಕ್ಷೆಗೆ ಕರೆಯುವುದಿಲ್ಲ, ನಾನು ಹಾಗೆ ಬರೆಯಲಾರೆ ಎಂದೂ ಹೇಳಿದೆ. ಮೌಶಿ ಕೈಯನ್ನು ಮುಂದೆ ಚಾಚಿ ಹಿಂದೆ ಮುಂದೆ ತಿರುವಿ ನೋಡಿಕೊಂಡಳು. ನಡುಗುತ್ತಿರಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ತಿರಕಪ್ಪನ ದನಿ ಕೇಳಿತು. ಮೌಶಿಯ ಹೊಲದ ಪಕ್ಕದ ಹೊಲ ಅವನದು. ಇಪ್ಪತ್ತು ವರ್ಷದಿಂದ ಅವಳನ್ನು ಕೇಳದೆ ಅವನು ಒಂದು ಕಾಳೂ ಬಿತ್ತಿದವನಲ್ಲ.

"ಹೊಲಕ್ಕ ಹೋಗೂಣೇನ್ರಿ, ಬಾಯಾರ? ಮಳಿ ಚಲೋ ಆಗೇತಿ."

ಮೂವರೂ ನಡೆದೆವು. ಹಿಂದಿನ ದಿನದವರೆಗೂ ಕಾಲು ಹೋಗುವಷ್ಟು ಬಾಯಿ ಬಿಟ್ಟಿದ್ದ ಬಿರುಕುಗಳು ಒಂದೇ ರಾತ್ರಿಯಲ್ಲಿ ಹೊಲಿದುಕೊಂಡಿದ್ದವು. ನೆಲದಿಂದ ಸಣ್ಣಗೆ ಹಬೆ ಏಳುತ್ತಿತ್ತು, ದೂರದ ಬೇವಿನ ಮರ ಅದರಲ್ಲಿ ತೇಲಿದಂತಿತ್ತು. ಪರಿಮಳ ಎಷ್ಟಿತ್ತೆಂದರೆ ನನಗೆ ತಲೆ ಹಗುರಾಯಿತು. ಎರಡು ಹೆಜ್ಜೆ ಮುಂದೆ ಮೌಶಿ ಅದರೊಳಗೇ ನಡೆದು ಹೋಗುತ್ತಿದ್ದಳು, ಏನೂ ಇಲ್ಲದ ಬಯಲಿನಲ್ಲಿ ಹೋದವಳ ಹಾಗೆ. ಅಷ್ಟು ದುಃಖ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ಅವಳು ಕೂತು ಹಿಡಿ ಮಣ್ಣು ಎತ್ತಿದಳು. ಮೂಗಿನವರೆಗೆ ಒಯ್ದಳು. ನಾನು ಬೇವಿನ ಮರದ ಕಡೆ ನೋಡಿದೆ. ಬಹಳ ಹೊತ್ತಾದರೂ ಉಸಿರೆಳೆದ ಸಪ್ಪಳ ಬರಲಿಲ್ಲ. ತಿರುಗಿ ನೋಡಿದರೆ ಅವಳು ಕೈ ಕೆಳಗಿಳಿಸಿದ್ದಳು.

"ತಿರಕಪ್ಪ, ನನಗ ಇದರ ಘಮ ಬರೂದಿಲ್ಲೋ. ಮೂರು ವರ್ಷ ಆತು."

ತಿರಕಪ್ಪ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ.

"ಗೊತ್ತೈತ್ರಿ."

"ಏನು ಗೊತ್ತದ?"

"ಎರಡ ವರ್ಷದ ಹಿಂದ, ನಿಮ್ಮ ಕಣದಾಗ ಬಣವಿ ಹಿಂದ ಹೊಗಿ ಎದ್ದಿತ್ತಲ್ರಿ. ನೀವು ಬೆನ್ನ ಮಾಡಿ ಕುಂತು ಕಡ್ಲಿ ಹಸನ ಮಾಡಾಕ್ಹತ್ತಿದ್ರಿ. ನಾ ಬಂದು ಆರಿಸಿದೆ. ಆವತ್ತ ಗೊತ್ತಾತು."

"ಊರಾಗ?"

"ಯಾರಿಗೂ ಹೇಳಿಲ್ರಿ."

"ಮತ್ತ ಪ್ರತಿ ವರ್ಷ ಬಂದು ನನ್ನ ಯಾಕ ಕೇಳಿದಿ? ಚ್ಯಾಷ್ಟಿ ಮಾಡಿದೇನು?"

"ನೀವು ಮೂಸೂಮುಂದ ನಾ ಬ್ಯಾರೆ ಕಡೆ ನೋಡ್ತಿದ್ದೆರಿ. ಮುಷ್ಟಿ ಹಿಡಿಯೂಮುಂದ ನೋಡ್ತಿದ್ದೆ."

ಮೌಶಿ ಕೈಯಲ್ಲಿದ್ದ ಮಣ್ಣನ್ನು ಬಿಡಲೂ ಇಲ್ಲ, ಹಿಚುಕಲೂ ಇಲ್ಲ. ಮೋಡದ ನೆರಳು ಬಂದು ನಮ್ಮ ಮೂವರನ್ನೂ ಮುಚ್ಚಿ ನಿಂತಿತು. ಅವಳು ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ನಾನು ಎಂದೂ ಕೇಳಿರದ ಅಂಜಿಕೆ ಇತ್ತು.

"ಇಕಿ ಹೇಳ್ತಾಳ, ಇದು ತಲಿಯೊಳಗಿನ ಬ್ಯಾನಿ ಇದ್ರೂ ಇರಬಹುದಂತ. ಮುಂದ ಹೆಸರ ಮರೀತಾವಂತ. ನಾಳೆ ನೀ ಬಂದು ನಿಂತಾಗ ನಿನ್ನ ಹೆಸರ ಮರತ್ರ ಹೆಂಗೋ?"

"ಮತ್ತ ಹೇಳ್ತೀನ್ರಿ, ತಿರಕಪ್ಪ ಅಂತ."

ಮೌಶಿ ಅತ್ತಳು. ಮುಚ್ಚಿಕೊಳ್ಳಲು ಹೋಗಲಿಲ್ಲ, ಮಣ್ಣಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಕೆನ್ನೆಯ ಮೇಲೆ ಕರಿ ಗೆರೆ ಬಿತ್ತು. ತಿರಕಪ್ಪ ಈ ಸಲವೂ ಬೇರೆ ಕಡೆ ನೋಡುತ್ತಿದ್ದ.

ಆಮೇಲೆ ಅವಳು ಹೊಸದಾಗಿ ಹಿಡಿ ಮಣ್ಣು ಎತ್ತಿ, ಮೂಗಿನ ಹತ್ತಿರ ಒಯ್ಯದೆ, ಅವನ ಎದುರಿಗೇ ಗಟ್ಟಿಯಾಗಿ ಮುಷ್ಟಿ ಹಿಡಿದಳು. ಬಿಚ್ಚಿ ನೋಡಿದಳು. ಉಂಡೆಯನ್ನು ನೆಲಕ್ಕೆ ಒಗೆದಳು. ಅದು ಒಡೆಯದೆ ಚಪ್ಪಟೆಯಾಯಿತು.

"ಇನ್ನೂ ಹಸಿ ಅದ. ಮೂರು ದಿನ ತಡಿ."

"ಆತ್ರಿ" ಎಂದ ತಿರಕಪ್ಪ.

ಅವಳು ನನ್ನ ಕಡೆ ತಿರುಗಿದಳು. "ಇಲ್ಲ ಅಂತ ಬರಕೋ, ಗೌತಮಿ. ಆ ಡಾಕ್ಟರ್ ಬಾಯಾರಿಗೆ ಫೋನ್ ಹಚ್ಚಿ ಕೇಳು, ಮೂರು ದಿನದ ಒಳಗ ನೋಡ್ತಾರೇನು. ನಾಲ್ಕನೇ ದಿನ ನಾ ಇಲ್ಲಿ ಇರಬೇಕು."

ನಾನು ಹೊಲದಲ್ಲೇ ನಿಂತು ಫೋನು ಹಚ್ಚಿದೆ.