ಕೇಳಿಸದ ಹನ್ನೊಂದು ನಿಮಿಷಕ್ಕೆ ಐದು ನಕ್ಷತ್ರ

೧

ಥಿಯೇಟರಿನಿಂದ ಶುರು ಮಾಡಲೇ, ಅಕ್ಕನಿಂದಲೇ, ನನ್ನಿಂದಲೇ? ನ್ಯಾಯವಾಗಿ ಅಕ್ಕನಿಂದ ಶುರುವಾಗಬೇಕು, ಏಕೆಂದರೆ ಕಳೆದುಕೊಳ್ಳುವ ಸರದಿ ಬಂದದ್ದು ಅವಳಿಗೆ. ಆದರೆ ಪೆನ್ನು ನನ್ನ ಕೈಯಲ್ಲಿದೆ. ಆದ್ದರಿಂದ ನನ್ನಿಂದ.

ನಾನು ಸಿನಿಮಾ ವಿಮರ್ಶಕ. ಈ ಊರಿನಲ್ಲಿ ನಾನು ಹುಬ್ಬು ಗಂಟಿಕ್ಕಿದರೆ ನಿರ್ಮಾಪಕರ ಮನೆಯ ಒಲೆ ಆರುತ್ತದೆ. ನಾನು ಇಂಟರ್ವಲ್ಲಿನಲ್ಲಿ ಎದ್ದು ಹೋದ ಚಿತ್ರಗಳ ನಾಯಕರು ಈಗ ವಿಮೆ ಮಾರುತ್ತಿದ್ದಾರೆ. ಹುಟ್ಟಿದಾಗ ನಾನು ಅಳಲಿಲ್ಲವಂತೆ. ಹೆರಿಗೆ ಕೋಣೆಯನ್ನೊಮ್ಮೆ ಸುತ್ತ ನೋಡಿ, ಲೈಟಿಂಗ್ ಸರಿಯಿಲ್ಲ ಎಂಬಂತೆ ಮುಖ ಸಿಂಡರಿಸಿದೆನಂತೆ. ಪ್ರತಿ ಭಾನುವಾರ ನನ್ನ ಅಂಕಣವನ್ನು ಎರಡು ಲಕ್ಷ ಜನ ಓದುತ್ತಾರೆ. (ಪತ್ರಿಕೆ ಅಚ್ಚಾಗುವುದೇ ಒಂಬತ್ತು ಸಾವಿರ ಪ್ರತಿ. ಉಳಿದವರು ಪಕ್ಕದವರ ಹೆಗಲ ಮೇಲಿಂದ ಇಣುಕುವವರು.)

೧, ಮತ್ತೆ

ಅಕ್ಕ ಮೇಲಿನ ಪುಟ ಓದಿದಳು.

"ನನ್ನ ಕಥೆ ಅಂದೆ. ನಾನೆಲ್ಲೋ ಇದ್ರಲ್ಲಿ?"

"ಬರ್ತೀಯ, ತಡಿ. ನಾಯಕಿ ತಡವಾಗಿ ಬಂದ್ರೇನೇ ಶಿಳ್ಳೆ ಬೀಳೋದು."

"ಇಪ್ಪತ್ತೆರಡು ವರ್ಷ ತಡೆದಿದ್ದು ಸಾಕು ಕಣೋ. ಬರಿ."

ಬರೆಯುತ್ತೇನೆ. ನನ್ನ ಅಕ್ಕ ಸಿನಿಮಾಗಳಿಗೆ ಹೆಜ್ಜೆ ಸಪ್ಪಳ ಮಾಡುವವಳು. ಪರದೆಯ ಮೇಲೆ ನಾಯಕಿ ಮೆಟ್ಟಿಲು ಇಳಿಯುವುದನ್ನು ನೀವು ನೋಡುತ್ತೀರಿ. ಕೇಳುವುದು ಮಾತ್ರ ನನ್ನ ಅಕ್ಕನನ್ನು. ಚಿತ್ರೀಕರಣವೆಲ್ಲ ಮುಗಿದ ಮೇಲೆ, ಕಿಟಕಿಯಿಲ್ಲದ ಕೋಣೆಯೊಂದರಲ್ಲಿ, ಪರದೆ ನೋಡುತ್ತ, ಮೈಕಿನ ಮುಂದೆ ನಿಂತಲ್ಲೇ ನಡೆಯುವುದು ಅವಳ ಕೆಲಸ. ನೆಲದಲ್ಲಿ ಚೌಕ ಚೌಕವಾಗಿ ಮರಳು, ಜಲ್ಲಿ, ಹಲಗೆ, ತಗಡು, ಟೈಲ್ಸು. ಗೋಡೆಯುದ್ದಕ್ಕೂ ಎಪ್ಪತ್ತು ಜೊತೆ ಚಪ್ಪಲಿ, ಶೂ, ಬೂಟು. ಒಣಗಿದ ಚರ್ಮದ ಪರ್ಸನ್ನು ಹಿಂಡಿದರೆ ಕುರ್ಚಿ ಕಿರುಗುಟ್ಟುತ್ತದೆ. ಹೂಕೋಸು ಮುರಿದರೆ ಖಳನಾಯಕನ ಪಕ್ಕೆಲುಬು. (ಆ ದಿನಗಳಲ್ಲಿ ಅವರ ಮನೆಯಲ್ಲಿ ಹೂಕೋಸಿನದೇ ಅಡುಗೆ. ಭಾವ ತಟ್ಟೆಯ ಮುಂದೆ ಕೂತೊಡನೆ ಕೇಳುವುದು: "ಇವತ್ತು ಯಾರ ಪಕ್ಕೆಲುಬು?")

೨

ಈಗ ಪ್ರಶಸ್ತಿಗಳ ಕಾಲ. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಹಲ್ಲು ಕೀಳಿಸಿಕೊಳ್ಳುವ ಕುರ್ಚಿಯಲ್ಲಿ ಕೂಡ ಜನ ನನ್ನನ್ನು ತಡೆದು ಈ ಸಲ ಯಾರಿಗೆ ಎಂದು ಕೇಳುತ್ತಾರೆ. (ಯಾರೂ ಕೇಳುವುದಿಲ್ಲ. ನಾನೇ ತಡೆದು ಹೇಳುತ್ತೇನೆ.)

ಮೂರೂವರೆ ಗಂಟೆಯ ಯುದ್ಧದ ಚಿತ್ರ: ಆ ಯುದ್ಧವೇ ಅಷ್ಟು ಹೊತ್ತು ನಡೆದಿರಲಿಲ್ಲ. ಛಾಯಾಗ್ರಹಣಕ್ಕೆ ಪ್ರಶಸ್ತಿ ಗ್ಯಾರಂಟಿ. ಹೊಗೆಯನ್ನು ಅಷ್ಟು ಚೆನ್ನಾಗಿ ಯಾರೂ ತೆಗೆದಿಲ್ಲ. ಹೊಗೆಯ ಹಿಂದೆ ಯಾರಿದ್ದರೋ ತಿಳಿಯಲಿಲ್ಲ. ಅವಳಿ ಸೋದರಿಯರ ಪ್ರೇಮಕಥೆ: ಇಬ್ಬರನ್ನೂ ಒಬ್ಬಳೇ ನಟಿಸಿದ್ದಾಳೆ. ಪ್ರಶಸ್ತಿ ಕೊಡುವುದಾದರೆ ಚಿಕ್ಕವಳಿಗೆ ಕೊಡಿ, ದೊಡ್ಡವಳದು ಓವರ್ ಆಕ್ಟಿಂಗ್. ನಾಯಿಯ ಚಿತ್ರ: ಉತ್ತಮ ನಟ ನಾಯಿಯೇ ಆದರೂ ನನ್ನ ತಕರಾರಿಲ್ಲ. ಇಡೀ ಚಿತ್ರದಲ್ಲಿ ಕ್ಯಾಮೆರಾ ಕಡೆ ನೋಡದವರು ಅದೊಂದೇ.

ಆಮೇಲೆ ಗಿರಣಿಯ ಚಿತ್ರ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಹೊಸ ನಿರ್ದೇಶಕಿ, ಮೊದಲ ಚಿತ್ರ. ಮುಚ್ಚಿಹೋಗುತ್ತಿರುವ ಬಟ್ಟೆ ಗಿರಣಿ, ಅದರ ವಯಸ್ಸಾದ ಕಾವಲುಗಾರ. ಕೊನೆಯ ಹನ್ನೊಂದು ನಿಮಿಷ ಮಾತಿಲ್ಲ, ಸಂಗೀತವಿಲ್ಲ. ಕೆಲಸದವರನ್ನೆಲ್ಲ ಐದನೇ ಮಹಡಿಯಿಂದ ಲಿಫ್ಟಿನಲ್ಲಿ ಕಳಿಸಿಕೊಟ್ಟು, ಅವನು ಒಂದೊಂದೇ ಮಹಡಿಯ ದೀಪ ಆರಿಸುತ್ತ ಮೆಟ್ಟಿಲಿಳಿಯುತ್ತಾನೆ. ಕ್ಯಾಮೆರಾ ನೋಡುವುದು ಖಾಲಿ ಮಗ್ಗಗಳನ್ನು, ಆರುವ ದೀಪಗಳನ್ನು. ಅವನು ಕಾಣುವುದಿಲ್ಲ, ಸ್ವಿಚ್ಚಿನ ಮೇಲೆ ಅವನ ಕೈ ಮಾತ್ರ. ಅಂದರೆ ಆ ಹನ್ನೊಂದು ನಿಮಿಷ ಆ ಮುದುಕ ನನ್ನ ಅಕ್ಕ. ಮೂರು ವಾರ ಅವಳು ಅವನಾಗಿ ಇಳಿದಿದ್ದಳು. ಬಿಡುಗಡೆಗೆ ಮುಂಚೆ ಅದನ್ನು ನನಗೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಧ್ವನಿ ಪ್ರಶಸ್ತಿಯ ಕೊನೆಯ ಪಟ್ಟಿಯಲ್ಲಿ ಅವಳ ಹೆಸರು ಬಂತು. ತೀರ್ಪುಗಾರರಿಗೆ ಚಿತ್ರದ ಅಂತಿಮ ಪ್ರತಿ ತಲುಪಬೇಕಾದ್ದು ಶುಕ್ರವಾರ ಸಂಜೆ ಐದಕ್ಕೆ.

ಅದಕ್ಕೂ ಹಿಂದಿನ ಭಾನುವಾರ ನನ್ನ ಅಂಕಣ ಬಂತು. ನಾನು ಬರೆದದ್ದು ಇದು: "ಕೊನೆಯ ಹನ್ನೊಂದು ನಿಮಿಷಗಳ ಆ ಸಂಪೂರ್ಣ ನಿಶ್ಶಬ್ದ! ಒಂದು ಹೆಜ್ಜೆಯ ಸದ್ದೂ ಇಲ್ಲದ ಆ ಎದೆಗಾರಿಕೆ! ಸತ್ತ ಗಿರಣಿಯಲ್ಲಿ ಮನುಷ್ಯನೂ ತನ್ನ ಸದ್ದು ಕಳೆದುಕೊಂಡಿದ್ದಾನೆ. ಐದು ನಕ್ಷತ್ರ."

(ಹಣೆ ಚಚ್ಚಿಕೊಳ್ಳಬೇಡಿ. ಆ ಕೆಲಸ ಆಗಲೇ ಒಬ್ಬಳು ಮಾಡಿದ್ದಾಳೆ.)

೩

[ಈ ಭಾಗದಲ್ಲಿ ನಾನು ಪ್ರೆಸ್ ಶೋನ ಮೊದಲ ಸಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ನಿಶ್ಶಬ್ದದ ಒಳಗಿನ ನಿಶ್ಶಬ್ದವನ್ನು ಆಲಿಸಿದ ವರ್ಣನೆ ಎರಡು ಪುಟ ಇತ್ತು. ಅಕ್ಕ ಕೆಂಪು ಪೆನ್ನಿನಿಂದ ಹೊಡೆದು ಹಾಕಿದ್ದಾಳೆ.]

೪

ಸರಿ. ಪ್ರೆಸ್ ಶೋಗೆ ನಾನು ಹೋಗಿರಲಿಲ್ಲ. ಊಟವಾದ ಮೇಲೆ ಐದು ನಿಮಿಷ ಒರಗಿದವನು ಎದ್ದಾಗ ಸಂಜೆ. ಮರುದಿನ ಬಸ್ ನಿಲ್ದಾಣದ ಹಿಂದಿನ ಹಳೇ ಥಿಯೇಟರಿನಲ್ಲಿ, ಎಲ್ಲರ ಹಾಗೆ ಟಿಕೆಟ್ ತೆಗೆದು, ಮ್ಯಾಟಿನಿ ನೋಡಿದೆ. ನನ್ನನ್ನೂ ಸೇರಿಸಿ ಏಳು ಜನ. ಇಬ್ಬರು ಎಸಿ ಗಾಳಿಗೆ ಬಂದವರು.

ಸೋಮವಾರ ಅಕ್ಕ ಫೋನು ಮಾಡಿದಳು.

"ನಿನಗೆ ಕೇಳಿಸಲೇ ಇಲ್ವೇನೋ?"

ಎಲ್ಲೋ ಎಡವಟ್ಟಾಗಿದೆಯೆಂದು ಆಗಲೇ ತಿಳಿಯಿತು. ಆದರೂ ಬಾಯಿ ನನ್ನದಲ್ಲವೇ? "ಅಕ್ಕಾ, ಅದೆಲ್ಲ ರೂಪಕ," ಅಂದೆ.

ಗುರುವಾರ ಬೆಳಿಗ್ಗೆ ಮತ್ತೆ ಫೋನು. ಈ ಸಲ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ನನ್ನ ಲೇಖನ ಓದಿದ ನಿರ್ದೇಶಕಿ, ತೀರ್ಪುಗಾರರಿಗೆ ಹೋಗುವ ಪ್ರತಿಯಲ್ಲಿ ಆ ಹನ್ನೊಂದು ನಿಮಿಷದ ಹೆಜ್ಜೆಗಳನ್ನೆಲ್ಲ ತೆಗೆಸುತ್ತಿದ್ದಾಳಂತೆ. ಪೂರ್ತಿ ನಿಶ್ಶಬ್ದ. ನಾನು ಬರೆದ ಹಾಗೆಯೇ.

"ನೀನು ಜಗಳ ಆಡ್ಲಿಲ್ವಾ?"

"ಯಾಕೆ ಆಡ್ಲಿ? ನೀನು ಸುಳ್ಳುಬುರುಕ ಅಂತ ಊರಿಗೇ ಗೊತ್ತು. ಆದ್ರೆ ಸಿನಿಮಾ ವಿಷಯದಲ್ಲಿ ಇವತ್ತಿನವರೆಗೂ ನನ್ ಹತ್ರ ಸುಳ್ಳು ಹೇಳಿಲ್ಲ. ಆ ಜಾಗಕ್ಕೆ ಹೆಜ್ಜೆ ಬೇಡವೇ ಬೇಡವೇನೋ ಅಂತ ನನಗೂ ಅನ್ನಿಸ್ತಿದೆ."

ನಾನು ಫೋನಿಟ್ಟು ಥಿಯೇಟರಿಗೆ ಓಡಿದೆ. ಗಾಳಿಗಿಂತ ವೇಗವಾಗಿ, ಮೂರು ಸಿಗ್ನಲ್ ಹಾರಿ. (ಆಟೋದಲ್ಲಿ. ಆಟೋದವನು ಮೂರೂ ಸಿಗ್ನಲ್ಲಿನಲ್ಲಿ ನಿಲ್ಲಿಸಿದ.) ಪ್ರೊಜೆಕ್ಟರ್ ಕೋಣೆಯಲ್ಲಿ ಆಪರೇಟರು ಬನಿಯನ್ನಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಓಹೋ, ಬನ್ನಿ ಸಾರ್! ಗಿರಣಿ ಪಿಕ್ಚರ್ರಾ? ಅದರ ಕತೆ ಕೇಳಿ. ಕೊನೇಲಿ ಇದ್ದಕ್ಕಿದ್ದ ಹಾಗೆ ಮಾತಿಲ್ಲ, ಹಾಡಿಲ್ಲ, ಬರೀ ಟಕ್, ಟಕ್, ಟಕ್. ಎಡಗಡೆ ಸ್ಪೀಕರ್ ಮತ್ತೆ ಕೈ ಕೊಡ್ತು ಅಂದ್ಕೊಂಡೆ. ಹೋದ ತಿಂಗಳು ಹಿಂಗೇ ಟಕ್ ಟಕ್ ಅಂದು ಜನ ನನ್ನ ಜನ್ಮ ಜಾಲಾಡಿದ್ರು. ಅದಕ್ಕೇ ಸೌಂಡೇ ಬಂದ್ ಮಾಡ್ಬಿಟ್ಟೆ."

"ಯಾರೂ ಕೇಳ್ಲಿಲ್ವೇನಯ್ಯಾ?"

"ಯಾರ್ ಕೇಳ್ತಾರೆ ಸಾರ್? ನಿಮ್ಮಂಥ ದೊಡ್ಡೋರೇ ಕೂತಿದ್ರಿ, ಕಣ್ಣೊರೆಸ್ಕೊಂಡ್ರಿ. ನಾನು ಸರಿಯಾಗೇ ಮಾಡಿದೀನಿ ಅಂತ ಧೈರ್ಯ ಬಂತು."

೫

ಇಲ್ಲಿಂದ ಪಾರಾಗಲು ನಾನು ಕೆಲವು ಡ್ರಾಫ್ಟ್ ಬರೆದೆ. ಒಂದರಲ್ಲಿ ನಿರ್ದೇಶಕಿಗೆ ಕನಸು ಬಿದ್ದು ತಾನಾಗಿಯೇ ಮನಸ್ಸು ಬದಲಿಸುತ್ತಾಳೆ. (ಕನಸು! ಬೇರೆಯವರು ಹೀಗೆ ಬರೆದಿದ್ದರೆ ಅರ್ಧ ನಕ್ಷತ್ರ ಕೊಟ್ಟು ಓಡಿಸುತ್ತಿದ್ದೆ.) ಇನ್ನೊಂದರಲ್ಲಿ ಆಪರೇಟರಿಗೆ ಹೃದಯಾಘಾತವಾಗಿ, ಸತ್ಯ ಅವನ ಜೊತೆಗೇ ಹೋಗುತ್ತದೆ. ಆ ಪುಟದಲ್ಲಿ ಆಪರೇಟರು ಎದ್ದು ಕೂತ.

"ನನ್ನ ಯಾಕೆ ಸಾರ್ ಸಾಯಿಸ್ತೀರ? ಸಂಜೆ ಶೋ ಯಾರು ಓಡಿಸ್ತಾರೆ, ನೀವಾ?"

"ಕಥೆಗೆ ಬೇಕಾಗಿದೆ."

"ಕಥೆಗಲ್ಲ ಸಾರ್, ನಿಮಗೆ ಬೇಕಾಗಿದೆ. ಹೋಗಿ ಹೇಳ್ಬಿಡಿ. ನಿಮ್ಮ ಮಾನ ಏನು ಗಾಜಿಂದಾ, ಬಿದ್ರೆ ಒಡೆಯೋಕೆ?"

ನಾನೇ ಹುಟ್ಟಿಸಿದ ಪಾತ್ರ ನನಗೇ ಬುದ್ಧಿ ಹೇಳುವುದೆಂದರೆ! ಅವನನ್ನು ಬದುಕಿಸಿದೆ, ಪುಟ ಹರಿದೆ.

೬

ಗುರುವಾರ ಮಧ್ಯಾಹ್ನ, ಸ್ಟುಡಿಯೋ. ನಿರ್ದೇಶಕಿ ಎದ್ದು ನಿಂತಳು. ಇಪ್ಪತ್ತೆಂಟರ ಹುಡುಗಿ, ಕುತ್ತಿಗೆಗೆ ಹೆಡ್‌ಫೋನು, ಕಣ್ಣಿನ ಕೆಳಗೆ ಕಪ್ಪು.

"ಸಾರ್! ನಿಮ್ಮ ಲೇಖನ ಫ್ರೇಮ್ ಹಾಕಿಸಿದೀನಿ, ನೋಡಿ."

ಗೋಡೆಯ ಮೇಲೆ ನನ್ನ ಐದು ನಕ್ಷತ್ರ, ಗಾಜಿನೊಳಗೆ. (ಆಪರೇಟರಾ, ನೋಡಿದೆಯಾ? ಗಾಜಿಂದೇ.)

ಮೊದಲು ನನ್ನ ವಿದ್ಯೆಯೆಲ್ಲ ಖರ್ಚು ಮಾಡಿದೆ. ನಿಶ್ಶಬ್ದವೂ ಒಂದು ಅತಿ ಎಂದೆ. ಮಹಾ ವಿಮರ್ಶಕರು ವಾರಕ್ಕೊಮ್ಮೆ ಅಭಿಪ್ರಾಯ ಬದಲಿಸುತ್ತಾರೆ ಎಂದೆ. ತೀರ್ಪುಗಾರರಲ್ಲಿ ಇಬ್ಬರಿಗೆ ನಿಶ್ಶಬ್ದವೆಂದರೆ ಅಲರ್ಜಿ ಎಂದೆ.

"ಇಲ್ಲ ಸಾರ್. ನಿಮ್ಮ ಮೊದಲ ಅನುಭವಾನೇ ಶುದ್ಧ. ಅದನ್ನೇ ನಂಬ್ತೀನಿ."

"ಸ್ಪೀಕರ್ ಆಫ್ ಆಗಿತ್ತು ಕಣಮ್ಮಾ!"

ಬಾಯಿಂದ ಬಿದ್ದುಹೋಯಿತು. ಹಿಂದೆಯೇ ಉಳಿದದ್ದೆಲ್ಲ ಸಾಲಾಗಿ ಬಿತ್ತು: ನಿದ್ದೆ, ಮ್ಯಾಟಿನಿ, ಏಳು ಜನ, ಟಕ್ ಟಕ್, ಕಡಲೆಕಾಯಿ. "ನಾನು ಹೊಗಳಿದ್ದು ನಿನ್ನ ಸಿನಿಮಾನ ಅಲ್ಲಮ್ಮ, ಆ ಆಪರೇಟರ್ ಮಾಡಿದ ತಪ್ಪನ್ನ. ನಿನ್ನ ಸಿನಿಮಾದ ಕೊನೇನ ನಾನು ಇನ್ನೂ ಕೇಳೇ ಇಲ್ಲ."

ನಿರ್ದೇಶಕಿ ಕುರ್ಚಿಯಲ್ಲಿ ಕೂತಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಹೆಗಲು ಕುಲುಕುತ್ತಿತ್ತು. ಅಳಿಸಿಬಿಟ್ಟೆ ಎಂದುಕೊಂಡೆ. ಕೈ ತೆಗೆದಾಗ ನೋಡಿದರೆ, ನಗು.

"ಅಬ್ಬಾ ಸಾರ್! ಮೂರು ದಿನದಿಂದ ಆ ಮೌನ ಹಾಕ್ಕೊಂಡು ಹಾಕ್ಕೊಂಡು ನೋಡ್ತಿದೀನಿ. ನನಗೆ ಒಂಚೂರೂ ಅರ್ಥ ಆಗ್ತಿಲ್ಲ. ನಿಮಗೆ ಅರ್ಥ ಆಗಿದೆಯಲ್ಲ, ನಾನೇ ದಡ್ಡಿ ಇರಬೇಕು ಅಂತ ಸುಮ್ನಿದ್ದೆ."

ಗಾಜಿನ ಆಚೆ, ಅಕ್ಕನ ಕೋಣೆಯಲ್ಲಿ ಏನೋ ಸದ್ದಾಯಿತು. ಅವಳು ಅಲ್ಲಿ ಶೂಗಳನ್ನು ಡಬ್ಬಿಗೆ ತುಂಬುತ್ತಿದ್ದಳಂತೆ. ಎರಡು ಕೋಣೆಯ ನಡುವಿನ ಮೈಕನ್ನು ಯಾರೂ ಆರಿಸಿರಲಿಲ್ಲ. ಸ್ಪೀಕರಿನಲ್ಲಿ ಅವಳ ದನಿ ಬಂತು:

"ಪ್ರೆಸ್ ಶೋ ದಿನ ಮಲಗಿದ್ಯಾ ನೀನು?"

"ಐದೇ ನಿಮಿಷ ಅಕ್ಕ."

"ನಾಲ್ಕು ರಾತ್ರಿ ನನಗೆ ನಿದ್ದೆ ಇಲ್ಲ ಕಣೋ, ಕತ್ತೆ!"

ಕತ್ತೆ ಎಂದಳು. ಓದುಗರೇ, ಜಗತ್ತಿನ ಯಾವ ಪ್ರಶಸ್ತಿಯೂ ಆ ಪದದಷ್ಟು ಹಗುರ ಮಾಡಲಾರದು. ಎದೆಯ ಮೇಲಿನ ಚಪ್ಪಡಿ ಇಳಿಯಿತು. ಒಂದು ಟನ್ ಇತ್ತು. (ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.)

೭

ಈಗ ನಿಮಗೆ ಪ್ರಶಸ್ತಿ ಸಂಜೆ ಬೇಕು. ಗೊತ್ತು.

ಮುಕ್ತಾಯ ಅ: ಹೆಸರು ಕೂಗುತ್ತಾರೆ, ಅಕ್ಕ ವೇದಿಕೆ ಹತ್ತುತ್ತಾಳೆ, ಇಡೀ ಸಭಾಂಗಣ ಅವಳ ಹೆಜ್ಜೆ ಸಪ್ಪಳಕ್ಕೆ ಉಸಿರು ಹಿಡಿಯುತ್ತದೆ. ("ಥೂ," ಎಂದಳು ಅಕ್ಕ. "ವೇದಿಕೆ ಮೇಲೆ ಕಾರ್ಪೆಟ್ ಇರುತ್ತೆ. ಸದ್ದೇ ಬರಲ್ಲ.")

ಮುಕ್ತಾಯ ಆ: ಯುದ್ಧದ ಚಿತ್ರಕ್ಕೆ ಹೋಗುತ್ತದೆ. ಅಕ್ಕ ನಗುತ್ತ ಚಪ್ಪಾಳೆ ತಟ್ಟುತ್ತಾಳೆ, ಕಣ್ಣಂಚಿನಲ್ಲಿ ಒಂದು ಹನಿ. ("ಹನಿ ಗಿನಿ ಬೇಡ. ಆ ಬಾಂಬುಗಳೆಲ್ಲ ಕಂಪ್ಯೂಟರಿಂದು, ನಾನು ಬೈಕೊಂಡೇ ಚಪ್ಪಾಳೆ ಹೊಡೀತೀನಿ.")

ಮುಕ್ತಾಯ ಇ: ನಾಯಿಗೆ.

ಯಾವುದು ನಡೆಯಿತೆಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ನಂಬಬಾರದು, ಮೊದಲ ಪುಟದಿಂದ ನನ್ನನ್ನು ನೋಡುತ್ತಿದ್ದೀರಲ್ಲ? ಅದರ ಬದಲು ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಬನ್ನಿ. ಪ್ರತಿ ಕಳಿಸಲು ಇನ್ನೂ ಒಂದೂವರೆ ಗಂಟೆಯಿದೆ. ಹೆಜ್ಜೆಗಳನ್ನೆಲ್ಲ ಅವುಗಳ ಜಾಗಕ್ಕೆ ಸೇರಿಸಿಯಾಗಿದೆ. ನಿರ್ದೇಶಕಿ ದೀಪ ತಗ್ಗಿಸಿದಳು. ಅಕ್ಕ ನನ್ನ ಪಕ್ಕದಲ್ಲಿ ಕೂತಳು, ಪರದೆಯ ಕಡೆಗಲ್ಲ, ನನ್ನ ಕಡೆ ತಿರುಗಿ.

೮

ಐದನೇ ಮಹಡಿ. ಲಿಫ್ಟಿನ ಬಾಗಿಲು ಮುಚ್ಚಿತು, ಕೆಲಸದವರು ಹೋದರು. ಟಕ್, ಟಕ್, ಟಕ್. ನೆಟ್ಟಗಿನ, ಸಮವಾದ ಹೆಜ್ಜೆ, ಕಾವಲುಗಾರನದು. ಕೈ ಬಂತು, ಸ್ವಿಚ್ಚು, ಕತ್ತಲು. ನಾಲ್ಕನೇ ಮಹಡಿಯಲ್ಲೂ ಹಾಗೆಯೇ.

ಮೂರನೆಯದರಲ್ಲಿ ಹೆಜ್ಜೆ ಒಂದು ಕ್ಷಣ ನಿಂತಿತು. ಮತ್ತೆ ಶುರುವಾದಾಗ ಎಡಗಾಲು ಭಾರವಾಗಿತ್ತು, ಬಲಗಾಲು ನೆಲ ಸವರಿಕೊಂಡು ಬರುತ್ತಿತ್ತು. ಟಕ್. ಸರ್ರ್. ಟಕ್. ಸರ್ರ್. ಅವನು ಕುಂಟ. ವರ್ಷಗಟ್ಟಲೆ ಕುಂಟನಾಗಿದ್ದಿರಬೇಕು. ಕೆಲಸ ಹೋದೀತೆಂದು ಎಲ್ಲರೆದುರು ಮುಚ್ಚಿಟ್ಟು ನೆಟ್ಟಗೆ ನಡೆದಿದ್ದವನು, ಇವತ್ತು ನೋಡುವವರು ಯಾರೂ ಇಲ್ಲದಾಗ, ಕಾಲನ್ನು ಅದರ ಪಾಡಿಗೆ ಬಿಟ್ಟಿದ್ದ. ಕೆಳಗಿಳಿದಷ್ಟೂ ಕುಂಟು ಹೆಚ್ಚುತ್ತಿತ್ತು, ನಡಿಗೆ ಹಗುರಾಗುತ್ತಿತ್ತು. ಎರಡನೇ ಮಹಡಿಯಲ್ಲಿ ಅದಕ್ಕೆ ಒಂದು ಲಯವೇ ಬಂದುಬಿಟ್ಟಿತ್ತು, ಹೆಚ್ಚು ಕಡಿಮೆ ಕುಣಿತದಂತೆ.

ಇದು ಚಿತ್ರಕಥೆಯಲ್ಲಿರಲಿಲ್ಲವಂತೆ. ನಟನೂ ಮಾಡಿರಲಿಲ್ಲ. "ಇವರೇ ಒಂದಿನ ಸುಮ್ನೆ ಮಾಡಿ ತೋರಿಸಿದ್ರು," ಎಂದು ನಿರ್ದೇಶಕಿ ಪಿಸುಗುಟ್ಟಿದಳು.

ಕೊನೆಯ ಮೆಟ್ಟಿಲುಗಳು. ಟಕ್. ಸರ್ರ್. ಟಕ್.

ಪರದೆ ಕಪ್ಪಾಯಿತು.

ನಾನು ಕಾದೆ. ಇನ್ನೊಂದು ಹೆಜ್ಜೆ ಬರಬೇಕಿತ್ತು. ಬಲಗಾಲು ಇನ್ನೂ ಮೇಲಿನ ಮೆಟ್ಟಿಲಲ್ಲೇ ಇತ್ತು.

"ಕೊನೇದು ಎಲ್ಲಿ?" ಎಂದೆ.

"ಹಾಕ್ಲಿಲ್ಲ," ಎಂದಳು ಅಕ್ಕ.

"ಯಾಕೆ? ಅವನು ಕೆಳಗೆ ಬಂದ್ನಾ, ಇಲ್ವಾ?"

"ನೀನಲ್ವಾ ಎರಡು ಲಕ್ಷ ಜನರ ವಿಮರ್ಶಕ? ನೀನೇ ಹೇಳು."

ನಾನು ಬಾಯಿ ತೆರೆದೆ. ಒಂಬತ್ತು ರೂಪಕಗಳು ಗಂಟಲಿಗೆ ಬಂದು ಸಾಲುಗಟ್ಟಿ ನಿಂತವು. (ಎರಡು.) ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಅಕ್ಕ," ಎಂದೆ. "ಇನ್ನೊಂದ್ ಸಲ ಹಾಕಿಸು."

ಅವಳು ನಿರ್ದೇಶಕಿಯ ಕಡೆ ಬೆರಳು ತಿರುಗಿಸಿ ತೋರಿಸಿದಳು. ಐದನೇ ಮಹಡಿಯ ದೀಪಗಳು ಮತ್ತೆ ಹತ್ತಿದವು.