ನಡೆಯೋ ಬಡಿತ

ತಮಟೆ ಕಾದು ಆಗಲೇ ಹದಕ್ಕೆ ಬಂದಿತ್ತು. ಬೆರಳ ತುದಿ ತಾಗಿಸಿದರೆ ಸಾಕು, ಕಣಕಣ ಅನ್ನುತ್ತಿತ್ತು. ಆದರೂ ಸಣ್ಣಮಾದಯ್ಯ ಅದನ್ನು ಬೆಂಕಿಯಿಂದ ಈಚೆಗೆ ತೆಗೆಯಲಿಲ್ಲ. ಕಲ್ಯಾಣ ಮಂಟಪದ ಹಿಂದುಗಡೆ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಯಾರೋ ಎಸೆದುಹೋಗಿದ್ದ ರಟ್ಟಿನ ಡಬ್ಬಗಳನ್ನು ಹರಿಹರಿದು ಉರಿಗೆ ಹಾಕುತ್ತ, ಚರ್ಮವನ್ನು ತಿರುಗಿಸಿ ತಿರುಗಿಸಿ ಕಾಯಿಸುತ್ತಲೇ ಇದ್ದ. ಕೈಗೆ ಏನಾದರೂ ಕೆಲಸ ಬೇಕಿತ್ತು. ಕೈ ಸುಮ್ಮನಾದರೆ ತಲೆ ಶುರುಮಾಡಿಕೊಳ್ಳುತ್ತಿತ್ತು.

ಅಡುಗೆಯವರ ಒಲೆ ಹತ್ತು ಮಾರು ದೂರದಲ್ಲೇ ಧಗಧಗ ಉರಿಯುತ್ತಿತ್ತು. ಮೊದಲು ಅಲ್ಲಿಗೇ ಹೋಗಿದ್ದ. ಅಡುಗೆಯವ ತಮಟೆಯನ್ನು ನೋಡಿದ, ಆಮೇಲೆ ಇವನ ಮುಖ ನೋಡಿದ, "ಆ ಕಡೆ ಎಲ್ಲಾದ್ರೂ ಮಾಡ್ಕೊಳಪ್ಪ" ಅಂದ. ಬೈಯಲಿಲ್ಲ ಪಾಪ, ಸೌಟು ತೋರಿಸಿದ ಅಷ್ಟೆ. ಅರವತ್ತೇಳು ವರ್ಷ ಆದವನಿಗೆ ಇದೇನು ಹೊಸದೇ? ಈಚೆಗೆ ಬಂದು ತನ್ನ ಬೆಂಕಿ ತಾನು ಹಾಕಿಕೊಂಡಿದ್ದ.

"ತಾತ, ಸುಟ್ಟೋಗತ್ತೆ ಅದು," ಅನ್ನುತ್ತ ನಯನಾ ಬಂದಳು. ಮೇಲೆ ತಲೆಟೋಪಿಯ ಕರಿಯ ಜಾಕೀಟು, ಕೆಳಗೆ ಕಚ್ಚೆ ಹಾಕಿ ಉಟ್ಟ ಕೆಂಪು ಸೀರೆ, ಕಾಲಿಗೆ ಬಿಳಿ ಶೂ. ಕುಣಿತದ ತಂಡದ ಆರೂ ಮಕ್ಕಳದ್ದು ಹೀಗೇ, ಅರ್ಧ ಹಳ್ಳಿ ಅರ್ಧ ಪೇಟೆ ವೇಷ. "ಇನ್ನು ಅರ್ಧ ಗಂಟೆ ಅಷ್ಟೆ. ಮೊದಲು ಸ್ವಾಗತದ ಕುಣಿತ, ಆಮೇಲೆ ನಮ್ಮ 'ನಡೆಯೋ ಬಡಿತ'. ಟೀ ಕುಡಿದ್ರಾ?"

"ಬ್ಯಾಡ ಮಗಾ. ಒಳಕ್ಕೆ ಏನೂ ಇಳೀತಿಲ್ಲ."

"ನಿಮಗೂ ಭಯಾನಾ? ಕಾಲೇಜ್ ಗ್ರೌಂಡಲ್ಲಿ ಎರಡು ಸಾವಿರ ಜನದ ಮುಂದೆ ಬಾರಿಸಿದೋರು ನೀವು," ಅಂತ ಅವಳು ನಕ್ಕಳು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಗಿತ್ತು ಅವನ ಸ್ಥಿತಿ. ಬೆಳಿಗ್ಗೆ ಹಿನಕಲ್‌ನ ಮನೆಯಲ್ಲಿ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟಿದ್ದ. ಮಗಳು ಪ್ರೇಮಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ತಗೊಂಡ್ಯಾ ಅಂತ ಮೂರು ಸಲ ಕೇಳಿದ್ದಳು, ಮೂರು ಸಲವೂ ಹೂಂ ಅಂದಿದ್ದ, ಮಾತ್ರೆ ಜೇಬಿನಲ್ಲೇ ಇತ್ತು. ಬಸ್ ಸ್ಟಾಪಿಗೆ ಹೋದವನು ಕೋಲು ಮರೆತು ವಾಪಸ್ಸು ಬಂದ, ಕೋಲು ತಗೊಂಡು ಹೋದವನು ಬೇರೆ ಬಸ್ಸು ಹತ್ತಿದ.

ಇದೆಲ್ಲ ಶುರುವಾಗಿದ್ದು ಈ ಮಂಟಪ ಇರುವ ದಟ್ಟಗಳ್ಳಿಯದೇ ಒಂದು ಪಾರ್ಕಿನಲ್ಲಿ. ಊರು ಬಿಟ್ಟು ಮೈಸೂರಿಗೆ ಬಂದಮೇಲೆ ಸಣ್ಣಮಾದಯ್ಯ ಅಲ್ಲಿ ಗಿಡಕ್ಕೆ ನೀರು ಬಿಡುವ ಕೆಲಸ ಹಿಡಿದಿದ್ದ. ತಮಟೆ ಅಟ್ಟ ಸೇರಿತ್ತು. ಮನೆಯಲ್ಲಿ ಬುದ್ಧನ ಪಟ ಇಟ್ಟ ದಿನವೇ ಅಳಿಯ ಚೆಲುವಯ್ಯ, "ಮಾವ, ಇನ್ಮೇಲೆ ಯಾರ ಮನೆ ಹೆಣದ ಹಿಂದೇನೂ ನೀವು ಬಡಿಯೋದು ಬೇಡ" ಅಂದಿದ್ದ. ಒಂದು ಬೆಳಿಗ್ಗೆ ಈ ಮಕ್ಕಳು ಪಾರ್ಕಿಗೆ ಸ್ಪೀಕರು ತಂದಿಟ್ಟುಕೊಂಡು ಕುಣಿಯುತ್ತಿದ್ದರು. ಇವನು ಪೈಪು ಕೆಳಗಿಟ್ಟು, ಪ್ಲಾಸ್ಟಿಕ್ ಬಕೆಟ್ಟು ಬೋರಲು ಹಾಕಿಕೊಂಡು, ಆ ತಾಳಕ್ಕೆ ಎದುರುತಾಳ ಬಡಿದ. ಬರೀ ತಮಾಷೆಗೆ. ನಯನಾ ಕುಣಿಯೋದು ನಿಲ್ಲಿಸಿ ಇವನ ಬೆರಳು ನೋಡುತ್ತ ನಿಂತುಬಿಟ್ಟಳು. ಮುಂದಿನ ಭಾನುವಾರ ಅಟ್ಟದಿಂದ ತಮಟೆ ಇಳಿಯಿತು.

ತಂಡ ಕಟ್ಟಿದವನು ವಿಜಯನಗರದ ಅಮರ್. ಒಳ್ಳೆಯ ಹುಡುಗ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವನು. ಸಣ್ಣಮಾದಯ್ಯ ಮದುವೆಯ ಬಡಿತ ತೋರಿಸಿದ, ಹಬ್ಬದ ಬಡಿತ ತೋರಿಸಿದ. "ಇದೆಲ್ಲ ಎಲ್ಲರೂ ಮಾಡ್ತಾರೆ ತಾತ. ಬೇರೆ ಕೊಡಿ. ಮೆಲ್ಲಗೆ ಶುರುವಾಗಿ ಎದೆ ಒಡೀಬೇಕು, ಅಂಥದ್ದು" ಅಂದ ಅಮರ್. ಅಂಥದ್ದು ಇವನ ಹತ್ತಿರ ಇದ್ದದ್ದು ಒಂದೇ. ತಲೆ ಬೇಡ ಅನ್ನುವಷ್ಟರಲ್ಲಿ ಕೈ ಬಡಿದಾಗಿತ್ತು. ಒಂದು ಗಟ್ಟಿ ಏಟು, ಎರಡು ಸಣ್ಣವು, ಆಮೇಲೆ ಒಂದು ಉಸಿರಿನಷ್ಟು ಖಾಲಿ. ಹೆಣ ಎತ್ತಿದಲ್ಲಿಂದ ಮಣ್ಣು ಮಾಡುವ ತನಕ ಬಡಿಯುವ ಬಡಿತ ಅದು. ಖಾಲಿ ಬಿಡುವುದು ಹೊತ್ತವರು ಹೆಜ್ಜೆ ಇಡಲಿ ಅಂತ.

ಮೂರನೇ ಸುತ್ತಿಗೆ ನಯನಾಳ ಕಾಲು ಅದನ್ನು ಹಿಡಿದುಬಿಟ್ಟಿತು. ನಲವತ್ತು ವರ್ಷ ಈ ಬಡಿತದ ಮುಂದೆ ಜನ ಕುಣಿದದ್ದನ್ನು ಅವನು ನೋಡಿದ್ದ. ಕುಡಿದು ಕುಣಿದಿದ್ದರು, ಅಳುತ್ತ ಕುಣಿದಿದ್ದರು. ಒಬ್ಬರಾದರೂ ತಿರುಗಿ, ಬಡಿಯೋ ಕೈ ಯಾರದು ಅಂತ ನೋಡಿರಲಿಲ್ಲ. ಇಲ್ಲಿ ಆರು ಮಕ್ಕಳು ಬಾಯಿ ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದವು. "ಇದಕ್ಕೆ ಏನಂತಾರೆ ತಾತ?" ಅಂತ ನಯನಾ ಕೇಳಿದಳು. "ನಡೆಯೋ ಬಡಿತ" ಅಂದುಬಿಟ್ಟ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆಸೆ ಕಣ್ರೀ, ಮುದುಕನಿಗೂ ಆಸೆ ಇರುತ್ತದೆ.

ಆ ಖಾಲಿ ಜಾಗಕ್ಕೆ ಅಮರ್ ಸ್ಪೀಕರಿನಿಂದ ಧಡ್ ಅಂತ ಒಂದು ಏಟು ಕೂರಿಸಿದ. ಆ ಕುಣಿತದಿಂದಲೇ ತಂಡಕ್ಕೆ ಹೆಸರು ಬಂತು, ಅದರ ವಿಡಿಯೊ ಮೊಬೈಲುಗಳಲ್ಲಿ ಓಡಾಡಿತು. ಸಣ್ಣಮಾದಯ್ಯನ ಅಪ್ಪ ಈ ಬಡಿತ ಕಲಿಸುವಾಗ ಎರಡು ಕಟ್ಟು ಹಾಕಿದ್ದ: ಸೂರಿನ ಕೆಳಗೆ ಬಡೀಬೇಡ, ಬಡಿತ ಎತ್ತಿದ ಮೇಲೆ ನಡುದಾರೀಲಿ ನಿಲ್ಲಿಸಬೇಡ. ಇಷ್ಟು ದಿನ ಪಾರ್ಕು, ಕಾಲೇಜು ಮೈದಾನ, ರಾಜ್ಯೋತ್ಸವದ ಬೀದಿ ವೇದಿಕೆ. ಬಯಲು ತಾನೇ, ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಕುಣಿತ ಮುಗಿದ ಮೇಲೂ ಮೆಲ್ಲಗೆ ಬಡಿಯುತ್ತ ಆಚೆ ಗೇಟಿನ ತನಕ ಹೋಗಿ ಬರುತ್ತಿದ್ದ. ಮಕ್ಕಳು ಅದನ್ನು ತಾತನ ಸ್ಟೈಲು ಅಂತ ಮೆಚ್ಚಿಕೊಂಡಿದ್ದವು.

ಈಗ ಮದುವೆಯ ಆರತಕ್ಷತೆ. ಮೇಲೆ ಸೂರು, ಎದುರಿಗೆ ಹೂವಿನ ಹಾರ ಹಾಕಿಕೊಂಡ ಗಂಡು ಹೆಣ್ಣು. ಹೇಳಿದರೆ ಮಕ್ಕಳು ಈ ಬಡಿತ ಬಿಡುತ್ತಾರೆ, ಇದರ ಜೊತೆಗೆ ತನ್ನನ್ನೂ ಬಿಡುತ್ತಾರೆ. ಹೇಳದಿದ್ದರೆ, ಹಳ್ಳಿ ಕಡೆಯವರು ಒಬ್ಬರು ಗುರುತು ಹಿಡಿದರೂ ಸಾಕು, ಮದುವೆ ಮನೆಯಲ್ಲಿ ಹೆಣದ ಬಡಿತ ಬಡಿದರು ಅಂತ ಮಕ್ಕಳ ಮೈಮೇಲೇ ಬೀಳುತ್ತಾರೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಮಗಾ, ಒಂದು ಮಾತದೆ," ಅಂದ ಸಣ್ಣಮಾದಯ್ಯ. ತಮಟೆಯನ್ನು ಬೆಂಕಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಚರ್ಮ ಸುಡುತ್ತಿತ್ತು. "ಆ ಎರಡನೇದು ಬ್ಯಾಡ ಇವತ್ತು. ಅದು ಹೆಣದ ಬಡಿತ ಕಣವ್ವ. ನಿಮ್ಗೆ ಹೇಳ್ದೆ ಮುಚ್ಚಿಟ್ಬುಟ್ಟೆ ನಾನು."

ನಯನಾ ಅಲ್ಲಿಂದಲೇ ಅಮರನನ್ನು ಕೂಗಿ ಕರೆದಳು. ಕಿವಿಗೆ ಮೈಕು ಸಿಕ್ಕಿಸಿಕೊಂಡಿದ್ದ ಅಮರ್ ಓಡೋಡಿ ಬಂದು, ವಿಷಯ ಕೇಳಿ, ಹುಬ್ಬೇರಿಸಿದ. ಸಣ್ಣಮಾದಯ್ಯ ತಲೆ ತಗ್ಗಿಸಿ ಬೈಗುಳಕ್ಕೆ ಕಾದ.

"ಅದಕ್ಕೇ ನೋಡಿ ಅದರಲ್ಲಿ ಅಷ್ಟು ಫೋರ್ಸು," ಅಂದ ಅಮರ್. "ಮೊದಲೇ ಹೇಳೋದಲ್ವಾ ತಾತ, ಹೆಸರೇ ಹಂಗೆ ಇಡಬಹುದಿತ್ತು."

"ಇವತ್ತು ಬುಟ್ಬುಡಿ ಅಂತ ನಾನೇಳೋದು."

"ಇವಾಗ ಹೇಳಿದ್ರೆ ಹೆಂಗೆ? ಲೈಟು, ಟ್ರ್ಯಾಕು ಎಲ್ಲಾ ಸೆಟ್ಟಾಗಿದೆ. ಮದುವೆಯೋರು ನಮ್ಮನ್ನ ಕರೆಸಿರೋದೇ ಅದನ್ನ ನೋಡಿ. ಯಾರಿಗೆ ಗೊತ್ತಾಗತ್ತೆ ಬಿಡಿ, ಎಲ್ಲಾ ಸಿಟಿಯೋರು." ಅಮರ್ ಕಿವಿಯಲ್ಲಿ ಯಾರೋ ಏನೋ ಹೇಳಿದರು, ಬಂದೆ ಬಂದೆ ಅನ್ನುತ್ತ ಓಡಿದ.

"ನಿಮ್ಮನೇಲಿ ಶಕುನ ಗಿಕುನ ಏನೂ ನಂಬಲ್ಲ ಅಂತಿದ್ರಲ್ಲ ತಾತ," ಅಂದಳು ನಯನಾ. ಕೆಣಕೋಕೆ ಕೇಳಿದ್ದಲ್ಲ, ತಿಳಿದುಕೊಳ್ಳೋಕೆ ಕೇಳಿದ್ದು.

"ಶಕುನದ ಮಾತಲ್ಲ ಕಣವ್ವ." ಹೇಗೆ ಹೇಳುವುದು ಅಂತ ಅವನು ತಡಕಾಡಿದ. "ಅದು ಹೋಗೋರ್ದು. ಬಡವ ಆಗ್ಲಿ ಸಾಹುಕಾರ ಆಗ್ಲಿ, ಹೋಗೋವಾಗ ಅವರ್ದು ಅಂತ ಉಳಿಯೋದು ಅದೊಂದೇಯ. ಅದ್ನೂ ನಾವು ಕಿತ್ಕಂಡ್ರೆ ಎಂಗೆ?"

ಅವಳಿಗೆ ಎಷ್ಟು ಅರ್ಥವಾಯಿತೋ. "ಬನ್ನಿ ತಾತ, ಟೈಮಾಯ್ತು," ಅಂದು ಅವನ ಮೊಣಕೈ ಹಿಡಿದು ಎಬ್ಬಿಸಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಎರಡು ತಿಂಗಳು ಹೊಟ್ಟೆಯೊಳಗೆ ಇಟ್ಟುಕೊಂಡು ಒದ್ದಾಡಿದ್ದನ್ನು ಈಚೆಗೆ ಹಾಕಿದರೆ, ಅದನ್ನು ಯಾರೂ ಕೈಯಲ್ಲೂ ಮುಟ್ಟಲಿಲ್ಲ. ಇಷ್ಟೇನಾ ಅನ್ನಿಸಿ ಕಣ್ಣು ಉರಿಯಿತು. ಹೊಗೆಯ ನೆಪ ಮಾಡಿ ಒರೆಸಿಕೊಂಡ.

ಸ್ವಾಗತದ ಕುಣಿತ ಸರಾಗವಾಗಿ ಮುಗಿಯಿತು. ಚಪ್ಪಾಳೆ ಬಿತ್ತು. ದೀಪಗಳು ನೀಲಿಗೆ ತಿರುಗಿದವು, ಮಕ್ಕಳು ವೇದಿಕೆಯ ಮೇಲೆ ಬೆನ್ನು ತಿರುಗಿಸಿ ನಿಂತರು, ಅಮರ್ ದೂರದ ಮೇಜಿನಿಂದ ಹೆಬ್ಬೆರಳು ಎತ್ತಿದ. ಸಣ್ಣಮಾದಯ್ಯ ಕಣ್ಣು ಮುಚ್ಚಿ ಮೊದಲ ಏಟು ಹಾಕಿದ. ಸೂರಿಗೆ ಬಡಿದ ಸದ್ದು ಅವನ ತಲೆಯ ಮೇಲೇ ವಾಪಸ್ಸು ಬಿತ್ತು.

ಎರಡನೇ ಸುತ್ತು, ಮೂರನೇ ಸುತ್ತು. ಕಣ್ಣು ಬಿಟ್ಟಾಗ ಮುಂದಿನ ಸಾಲಿನಲ್ಲಿ ಹೆಣ್ಣಿನ ತಾತ ಎದ್ದು ನಿಂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಹಳ್ಳಿ ಕಡೆಯ ಹಿರಿಯರು. ಮುಖದಲ್ಲಿ ಸಿಟ್ಟಿರಲಿಲ್ಲ. ಅವರು ಬಾಗಿಲ ಕಡೆ ನೋಡುತ್ತಿದ್ದರು. ಒಳಗಿನಿಂದ ಯಾರನ್ನು ತರುತ್ತಾರೆ ಅಂತ ಕಾಯುವವರ ನೋಟ ಅದು, ಸಣ್ಣಮಾದಯ್ಯನಿಗೆ ಚೆನ್ನಾಗಿ ಗೊತ್ತು. ಬಾಗಿಲಿನಿಂದ ಅವರ ಕಣ್ಣು ಸಿಂಹಾಸನದ ಮೇಲೆ ಕೂತಿದ್ದ ಮೊಮ್ಮಗಳ ಕಡೆಗೆ ತಿರುಗಿತು. ಹೆಗಲ ಟವೆಲು ತೆಗೆದು ಬಾಯಿಗೆ ಒತ್ತಿಕೊಂಡರು.

ಇಲ್ಲಿ ನಿಲ್ಲಿಸುವ ಹಾಗಿರಲಿಲ್ಲ, ಇಲ್ಲಿ ಬಡಿಯುವ ಹಾಗೂ ಇರಲಿಲ್ಲ. ಸಣ್ಣಮಾದಯ್ಯ ವೇದಿಕೆಯ ಮೆಟ್ಟಿಲು ಇಳಿದ. ಬಡಿಯುತ್ತಲೇ ಇಳಿದ, ಕೆಂಪು ಜಮಖಾನದ ಮೇಲೆ ಕುರ್ಚಿಗಳ ನಡುವೆ ನೇರ ನಡೆದ. ಅಮರ್ ಎರಡೂ ಕೈ ಎತ್ತಿ ಹಿಂದಕ್ಕೆ ಹೋಗಿ ಅಂತ ಸನ್ನೆ ಮಾಡಿದ್ದು ಕಂಡಿತು. ಜನ ಇದೂ ಆಟದ ಭಾಗ ಅಂದುಕೊಂಡು ಮೊಬೈಲು ಎತ್ತಿ ಹಿಡಿದರು, ದಾರಿ ಬಿಟ್ಟರು, ಒಬ್ಬ ಸಿಳ್ಳೆ ಹಾಕಿದ. ಊಟದ ಸಾಲು ದಾಟಿ, ಬಾಗಿಲಿನ ಹೂವಿನ ಕಮಾನು ದಾಟಿ, ಅವನು ಗೇಟಿನಿಂದ ಆಚೆ ರಸ್ತೆಗೆ ಬಂದ.

ಬಯಲಿಗೆ ಬಂದದ್ದೇ ಸದ್ದು ಹಗುರಾಯಿತು. ಹಿಂದೆ ಮಂಟಪದೊಳಗೆ ಒಂದು ಗಳಿಗೆ ಏನೂ ಕೇಳಲಿಲ್ಲ, ಆಮೇಲೆ ಸ್ಪೀಕರು ಧಡ್ ಧಡ್ ಅನ್ನತೊಡಗಿತು. ಅಮರ್ ಬೇರೆ ಹಾಡು ಹಾಕಿದ್ದ. ಬುದ್ಧಿವಂತ, ಆಟ ಉಳಿಸಿಕೊಂಡ. ಇನ್ನು ಭಾನುವಾರ ತನ್ನನ್ನು ಯಾರೂ ಕರೆಯುವುದಿಲ್ಲ ಅಂತ ಸಣ್ಣಮಾದಯ್ಯನಿಗೆ ಗೊತ್ತಾಯಿತು. ಪಾರ್ಕಿನಲ್ಲಿ ಆ ಆರು ಜೊತೆ ಕಣ್ಣು ತನ್ನ ಕೈಯ ಮೇಲೆ ಇರುತ್ತಿದ್ದವಲ್ಲ, ಅದು ಬೇಕಿತ್ತು ಅವನಿಗೆ. ಆದರೂ ಕೈ ನಿಲ್ಲಲಿಲ್ಲ.

ಗೇಟಿನಿಂದ ಸ್ವಲ್ಪ ಮುಂದೆ ಬೀದಿದೀಪದ ಕೆಳಗೆ ಮಲ್ಲಿಗೆ ಮಾರುತ್ತ ಒಬ್ಬ ಹೆಂಗಸು ಕೂತಿದ್ದಳು. ಬಡಿತ ಕೇಳಿ ಎದ್ದು ನಿಂತಳು. ಚಪ್ಪಲಿಯಿಂದ ಕಾಲು ಈಚೆಗೆ ತೆಗೆದು, ಸೆರಗು ತಲೆಯ ಮೇಲೆ ಎಳೆದುಕೊಂಡು, ರಸ್ತೆಯ ಪಕ್ಕಕ್ಕೆ ಸರಿದಳು. ಇವನ ಮುಂದೆಯೂ ನೋಡಿದಳು, ಹಿಂದೆಯೂ ನೋಡಿದಳು.

"ಯಾರಣ್ಣ ಹೋದೋರು?" ಅಂತ ಕೇಳಿದಳು.

ಸಣ್ಣಮಾದಯ್ಯನ ಮುಂದೆ ಖಾಲಿ ರಸ್ತೆ ಇತ್ತು. ಯಾರೂ ಇಲ್ಲ ತಾಯಿ ಅಂತ ಹೇಳಬಹುದಿತ್ತು.

"ನಮ್ಮಪ್ಪ," ಅಂದ.

ಹೆಂಗಸು ಕೈ ಮುಗಿದಳು. ಏದುಸಿರು ಬಿಡುತ್ತ ಯಾರೋ ಹತ್ತಿರ ಬಂದ ಸದ್ದಾಯಿತು. ನಯನಾ. ಅವಳು ಆ ಮಾತು ಕೇಳಿಸಿಕೊಂಡಿದ್ದಳು.

"ತಾತ... ನಿಮ್ಮಪ್ಪ ಯಾವಾಗ?"

"ಮೂವತ್ತೊಂದು ವರ್ಸಾಯ್ತು." ಒಂದು ಗಟ್ಟಿ ಏಟು, ಎರಡು ಸಣ್ಣವು. "ಅವತ್ತೇಯ ಪಟೇಲ್ರ ಮನೇಲೂ ಸಾವಾಯ್ತು. ಊರಲ್ಲಿ ಬಡಿಯೋರು ಇದ್ದುದ್ದೇ ನಾವು ನಾಕು ಜನ. ನಾಕು ಜನಾನೂ ಅಲ್ಲಿಗೆ ಕರ್ಕಂಡೋಗ್ಬುಟ್ರು. ನಾನು ಅಲ್ಲಿ ಬಡೀತಿದ್ದೆ, ಇತ್ತಗೆ ನಮ್ಮಪ್ಪುನ್ನ ತಕ್ಕೊಂಡೋಗಿ ಮಣ್ಣು ಮಾಡುದ್ರು. ಸದ್ದೇ ಇಲ್ದೆ ಹೋದ. ಇದ ಕಲ್ಸಿದ್ದೇ ಅವ್ನು."

ನಯನಾಳ ಜಾಕೀಟಿನೊಳಗೆ ಮೊಬೈಲು ಗುರ್ ಅಂದಿತು. ತೆಗೆದು ನೋಡಿದಳು, ಅಮರನದು. ನಿಂತಿತು, ಮತ್ತೆ ಗುರ್ ಅಂದಿತು. ಅದನ್ನು ಹಾಗೇ ಜೇಬಿಗೆ ಹಾಕಿಕೊಂಡಳು. ಆಮೇಲೆ ಹೂವಿನವಳ ಬರಿಗಾಲು ನೋಡಿ, ತಾನೂ ಮಂಡಿಯೂರಿ ರಸ್ತೆಯ ಮೇಲೆ ಕೂತು ಶೂ ಲೇಸು ಬಿಚ್ಚತೊಡಗಿದಳು. ಕುಣಿಯುವಾಗ ಜಾರಬಾರದು ಅಂತ ಎರಡೆರಡು ಗಂಟು ಹಾಕಿದ್ದಳು. ಒಂದು ಬಿಚ್ಚಿತು, ಇನ್ನೊಂದು ಬಿಚ್ಚಲಿಲ್ಲ. ಹಲ್ಲು ಕಚ್ಚಿ ಉಗುರಿನಿಂದ ಎಳೆಯುತ್ತಿದ್ದಳು. ಸಣ್ಣಮಾದಯ್ಯ ನಿಂತಲ್ಲೇ, ಮೆಲ್ಲಗೆ ಬಡಿಯುತ್ತ, ಅವಳಿಗಾಗಿ ಕಾದ.